ಕೆಂಪು ಬಂದರೆ ಹೆದರಬಾರದು

ಶಾಲೆಯಿಂದ ಬಂದ ಮಗಳಿಗೆ ಬ್ಯಾಗು ಇಳಿಸುವುದಕ್ಕೂ ಪುರುಸೊತ್ತು ಕೊಡದೆ ರಂಜಿತಾ ಕೇಳಿಬಿಡುತ್ತಿದ್ದಳು, "ಇವತ್ತು ಏನೇ ಹೇಳ್ಕೊಟ್ರು?" ಬೇರೆ ತಾಯಂದಿರು ಊಟ ಮಾಡಿದೆಯಾ, ಛತ್ರಿ ಎಲ್ಲಿ ಬಿಟ್ಟು ಬಂದೆ ಎಂದು ಕೇಳುತ್ತಾರೆ. ಇವಳಿಗೆ ಮೊದಲು ಪಾಠ ಬೇಕು. ಏಳನೇ ಕ್ಲಾಸಿಗೆ ಶಾಲೆ ಬಿಡಿಸಿ ಶುಂಠಿ ಹೊಲಕ್ಕೆ ಅಟ್ಟಿದ ಅಪ್ಪನ ಮೇಲಿನ ಸಿಟ್ಟನ್ನು ಅವಳು ಮಗಳ ಬಾಯಿಂದ ದಿನಕ್ಕೊಂದು ಪಾಠ ಕೇಳಿ ತೀರಿಸಿಕೊಳ್ಳುತ್ತಿದ್ದಳು.

ತೇಜಸ್ವಿನಿಯೂ ಕಡಿಮೆಯವಳಲ್ಲ. ಓದುವುದು ನಾಲ್ಕನೇ ಕ್ಲಾಸು, ಗತ್ತು ಮಾತ್ರ ಹೆಡ್‌ಮಾಸ್ಟರದು. ಅಮ್ಮನನ್ನು ಒಲೆಯ ಮುಂದೆ ಕೂರಿಸಿ, ಸೌಟನ್ನೇ ಕೋಲು ಮಾಡಿಕೊಂಡು, ಮಳೆ ಹೇಗೆ ಬರುತ್ತದೆ, ಕಾವೇರಿ ಯಾವ ಯಾವ ಊರು ದಾಟಿ ಸಮುದ್ರ ಸೇರುತ್ತದೆ, ಬೇರು ಕುಡಿದ ನೀರು ಎಲೆಯ ತುದಿಗೆ ಹೇಗೆ ಹತ್ತುತ್ತದೆ ಎಂದು ಹೇಳುತ್ತಿದ್ದಳು. ರಂಜಿತಾ ತಪ್ಪು ಹೇಳಿದರೆ ಸೌಟಿನಿಂದ ನೆಲ ಕುಟ್ಟಿ, "ಗಮನ ಎಲ್ಲಿದೆ?" ಎಂದು ಗದರಿಸುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಈ ಹುಡುಗಿ ಮಾತ್ರ ನೆರೆಕೆರೆಯವರಿಗೂ ಮುದ್ದಾಗಿದ್ದಳು.

ಅವರದು ಹಾಸನದ ಕಡೆಯಿಂದ ಬಂದ ಕುಟುಂಬ. ರಂಜಿತಾಳ ಗಂಡ ಸಣ್ಣಸ್ವಾಮಿಯ ತಂದೆಯ ಕಾಲದಲ್ಲಿ ಬಂದು ಕೊಡಗಿನ ನೆಲ್ಯಹುದಿಕೇರಿಯ ಹತ್ತಿರ, ಹೊಳೆಗಿಂತ ಸ್ವಲ್ಪ ಎತ್ತರದಲ್ಲಿ ಮನೆ ಕಟ್ಟಿಕೊಂಡವರು. ಸಣ್ಣಸ್ವಾಮಿ ತೋಟಗಳಲ್ಲಿ ನೆರಳು ಮರದ ಕೊಂಬೆ ಸವರುವ ಕೆಲಸಕ್ಕೆ ಹೋಗುತ್ತಿದ್ದ. ರಂಜಿತಾ ಮೇಲಿನ ತೋಟದ ಪೂವಯ್ಯನವರಲ್ಲಿ ಕೆಲಸಕ್ಕಿದ್ದಳು. ಇಷ್ಟು ವರ್ಷ ಇದ್ದರೂ ಇಲ್ಲಿಯವರ ಹಬ್ಬ, ಅಡುಗೆ, ಮದ್ದು ಅವರಿಗೆ ಬೇಲಿಯಾಚೆಯಿಂದ ನೋಡಿ ಗೊತ್ತೇ ಹೊರತು ಒಳಹೊಕ್ಕು ಗೊತ್ತಿರಲಿಲ್ಲ. ಆ ಬೇಲಿಯನ್ನು ದಾಟಿಸಿದ್ದು ಮಗಳ ಶಾಲೆ.

ಸುಧಾ ಟೀಚರ್ ಆ ವರ್ಷವಷ್ಟೇ ಬಂದವರು. ಪುಸ್ತಕದಲ್ಲಿದ್ದುದನ್ನು ಪುಸ್ತಕದಲ್ಲೇ ಬಿಟ್ಟುಬರಬಾರದು ಎಂಬ ಹಠದವರು. ಒಳ್ಳೆಯ ಟೀಚರ್. ಇದನ್ನು ಈಗಲೇ ಹೇಳಿಬಿಡುವುದು ವಾಸಿ, ಮುಂದೆ ಹೇಳಲು ಬಾಯಿ ಬರುವುದಿಲ್ಲ. ಅಕ್ಕಿ ಎಲ್ಲಿಂದ ಬರುತ್ತದೆ ಎಂದರೆ ಅಂಗಡಿಯಿಂದ ಎಂದ ಮಕ್ಕಳನ್ನು ಜುಲೈ ಕೊನೆಯಲ್ಲಿ ಪೂವಯ್ಯನವರ ಗದ್ದೆಗೆ ಕರೆದುಕೊಂಡು ಹೋಗಿ, ಮೊಣಕಾಲುದ್ದ ಕೆಸರಿಗೆ ಇಳಿಸಿ ನಾಟಿ ಮಾಡಿಸಿದರು. ಆ ದಿನ ತೇಜಸ್ವಿನಿ ಮೂಗಿನವರೆಗೂ ಕೆಸರು ಬಳಿದುಕೊಂಡು ಮನೆಗೆ ಬಂದಳು. ಒದ್ದೆ ಶೂ ಹಾಕಿ ಹಾಕಿ ಅವಳ ಕಾಲ್ಬೆರಳ ಸಂದಿ ಮೊದಲೇ ಬಿರಿದಿತ್ತು. ರಂಜಿತಾ ಅದಕ್ಕೆ ಕೊಬ್ಬರಿ ಎಣ್ಣೆ, ಅರಿಶಿನ ಹಚ್ಚಿದಳು. ಮಳೆಗಾಲದಲ್ಲಿ ಯಾವ ಮಗುವಿನ ಕಾಲು ನೆಟ್ಟಗಿರುತ್ತದೆ ಹೇಳಿ.

ಆಮೇಲಿನ ಪಾಠ ಸೊಪ್ಪಿನದು. ಕಕ್ಕಡ ಮಾಸದ ಹದಿನೆಂಟನೇ ದಿನ, ಅಂದರೆ ಆಗಸ್ಟ್ ಮೊದಲ ವಾರ, ಕೊಡಗಿನವರು ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಆ ದಿನ ಆ ಸೊಪ್ಪಿನೊಳಗೆ ಹದಿನೆಂಟು ಬಗೆಯ ಮದ್ದು ಸೇರಿಕೊಂಡಿರುತ್ತದೆ ಎಂಬ ನಂಬಿಕೆ. ಟೀಚರ್ ಒಂದು ಕಂತೆ ಸೊಪ್ಪು ತಂದು ಮೇಜಿನ ಮೇಲಿಟ್ಟು, ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಅದನ್ನು ನಂಬಬೇಡಿ ಎಂದು ಶುರುಮಾಡಿದ್ದರಂತೆ.

"ಅಮ್ಮ, ಅದನ್ನ ಬೇಯಿಸಿದ್ರೆ ನೀರು ನೇರಳೆ ಆಗುತ್ತೆ. ತಿಂದ ಮೇಲೆ ಉಚ್ಚೆ ಕೆಂಪಾಗಿ ಹೋಗುತ್ತೆ!" ತೇಜಸ್ವಿನಿ ಸೌಟು ಎತ್ತಿ ಹಿಡಿದಳು. "ಕೆಂಪು ಬಂದ್ರೆ ಹೆದರಬಾರದು. ಮದ್ದು ಒಳಗೆ ಕೆಲಸ ಮಾಡ್ತಾ ಇದೆ ಅಂತ ಅರ್ಥ. ಹೇಳಿ ನೋಡಾಣ, ಕೆಂಪು ಬಂದ್ರೆ?"

"ಹೆದರಬಾರ್ದು ಟೀಚರ್," ಎಂದಳು ರಂಜಿತಾ, ನಗು ತಡೆದುಕೊಂಡು.

ಆ ಭಾನುವಾರ ಸಣ್ಣಸ್ವಾಮಿ ಸಂತೆಯಿಂದ ಸೊಪ್ಪು ತಂದ. ಬೆಲ್ಲ, ತೆಂಗಿನ ಹಾಲು ಬಿದ್ದ ಪಾಯಸ ಚೆನ್ನಾಗೇ ಇತ್ತು. ಮಾರನೆಯ ಬೆಳಿಗ್ಗೆ ಸಣ್ಣಸ್ವಾಮಿ ಬಚ್ಚಲಿನಿಂದ, "ಲೇ ರಂಜಿ, ನಂಗೂ ಬಂತು ಕಣೇ!" ಎಂದು ಕೂಗಿದ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಶಾಲೆಯಲ್ಲೂ ಅದೇ ಸಡಗರವಂತೆ. ಯಾರ್‍ಯಾರಿಗೆ ಕೆಂಪು ಬಂತು ಎಂದು ಟೀಚರ್ ಕೇಳಿದಾಗ ಪಾಯಸ ತಿಂದಿಲ್ಲದ ಪಕ್ಕದ ಬೆಂಚಿನ ದಿಗಂತನೂ ಕೈ ಎತ್ತಿದ್ದನಂತೆ. ಆ ಮನೆ ನಕ್ಕಿದ್ದು ಅದೇ ಕೊನೆ.

ಮಂಗಳವಾರ ಸಂಜೆ ತೇಜಸ್ವಿನಿ ಚಳಿ ಎಂದು ಒಲೆಯ ಪಕ್ಕ ಮುದುರಿಕೊಂಡಳು. ಮೈ ಸುಡುತ್ತಿತ್ತು. ಕಾಲಿನ ಮೀನಖಂಡ ಮುಟ್ಟಿದರೆ ಸಾಕು, ಅಮ್ಮಾ ಎಂದು ಚೀರುತ್ತಿದ್ದಳು. ಮಳೆಗಾಲದ ಜ್ವರ ಎಂದುಕೊಂಡು ರಂಜಿತಾ ಮೆಡಿಕಲ್‌ನಿಂದ ತಂದ ಮಾತ್ರೆ ಕೊಟ್ಟು, ಗಂಜಿ ಕುಡಿಸಿದಳು. ಬುಧವಾರ ಮಗಳನ್ನು ಹಿಡಿದುಕೊಂಡು ಬಚ್ಚಲಿಗೆ ಕರೆದುಕೊಂಡು ಹೋದಾಗ ಕಲ್ಲಿನ ಮೇಲೆ ಹರಿದದ್ದು ಕೆಂಪಗಿತ್ತು.

ರಂಜಿತಾ ಬಗ್ಗಿ ನೋಡಿದಳು. ತನಗೂ ಗಂಡನಿಗೂ ಸೋಮವಾರ ಮಧ್ಯಾಹ್ನಕ್ಕೇ ಆ ಬಣ್ಣ ನಿಂತುಹೋಗಿತ್ತಲ್ಲ?

"ಇನ್ನೂ ಕೆಂಪು ಬತ್ತಾ ಐತಲ್ಲೇ ಮಗಾ?"

ತೇಜಸ್ವಿನಿಯ ಕಣ್ಣುಗಳೂ ಕೆಂಪಗಿದ್ದವು. ತುಟಿ ಒಣಗಿತ್ತು. ಆದರೂ ಪಾಠ ಮರೆತಿರಲಿಲ್ಲ. "ಹೆದರಬಾರದಮ್ಮ. ಮದ್ದು ಕೆಲಸ ಮಾಡ್ತಾ ಇದೆ. ನಿಮಗೆ ಜ್ವರ ಇಲ್ವಲ್ಲ, ಅದಕ್ಕೆ ಬೇಗ ಮುಗೀತು. ನಂಗೆ ಜ್ವರ ಇದೆ, ಅದಕ್ಕೆ ಇನ್ನೂ ಮಾಡ್ತಾ ಇದೆ."

ಎಂಥ ಮಾತು! ರಂಜಿತಾಳಿಗೆ ಎಷ್ಟು ಸರಿ ಅನ್ನಿಸಿತೆಂದರೆ, ಅಷ್ಟು ಕಷ್ಟದಲ್ಲೂ ಮಗಳ ಬುದ್ಧಿಗೆ ಹೆಮ್ಮೆಪಟ್ಟಳು. ಹದಿನೆಂಟು ಮದ್ದು ಒಳಗೆ ಕೂತು ಜ್ವರದ ಜೊತೆ ಗುದ್ದಾಡುತ್ತಿವೆ ಎಂದೇ ನಂಬಿದಳು. ಇಲ್ಲೇ ಹುಟ್ಟಿ ಬೆಳೆದ ಯಾವ ಹೆಂಗಸೂ ಈ ಮೋಸಕ್ಕೆ ಬೀಳುತ್ತಿರಲಿಲ್ಲ. ಸೊಪ್ಪು ತಿನ್ನದ ಊರಿನವಳಾದರೆ ಕೆಂಪು ಕಂಡ ಕೂಡಲೇ ಎದ್ದು ಓಡುತ್ತಿದ್ದಳು. ರಂಜಿತಾ ಇತ್ತ ಇಲ್ಲಿಯವಳೂ ಅಲ್ಲ, ಅತ್ತ ಹೊರಗಿನವಳೂ ಅಲ್ಲ. ಅವಳಿಗೆ ಗೊತ್ತಿದ್ದದ್ದು ಅರ್ಧ ಪಾಠ.

ಗುರುವಾರ ಬೆಳಿಗ್ಗೆ ಸಣ್ಣಸ್ವಾಮಿ ಕೆಲಸಕ್ಕೆ ಹೋಗದೆ ಆಟೋ ಕರೆದುಕೊಂಡು ಬಂದ. "ಆಸ್ಪತ್ರೆಗೆ ಹೋಗಾಣ. ಕೂಸ್ನ ಎತ್ಕೋ."

"ಬ್ಯಾಡ ಸುಮ್ನಿರಿ," ಎಂದಳು ರಂಜಿತಾ. "ಕೆಂಪು ಇನ್ನೂ ಬತ್ತಾ ಐತೆ. ಮದ್ದಿನ ಮೇಲೆ ಮದ್ದು ಹಾಕ್ಸಿ ಕೆಡಿಸ್ಬ್ಯಾಡಿ. ಅದು ನಿಂತ ಮೇಲೂ ಜ್ವರ ಬಿಡ್ದಿದ್ರೆ ಹೋಗಾಣ."

ಸಣ್ಣಸ್ವಾಮಿಗೆ ಅಕ್ಷರ ಬಾರದು. ಓದು ಗೊತ್ತಿದ್ದ ಹೆಂಡತಿ, ಮಗಳ ಮುಂದೆ ಅವನ ಮಾತು ಯಾವತ್ತೂ ಒಂದು ಮೆಟ್ಟಿಲು ಕೆಳಗೇ. ಅಂಗಳದಲ್ಲಿ ನಿಂತಿದ್ದ ಆಟೋ ಬರಿದಾಗಿ ವಾಪಸು ಹೋಯಿತು.

ಶುಕ್ರವಾರ, ಕೆಲಸಕ್ಕೆ ಬಾರದವಳನ್ನು ಹುಡುಕಿಕೊಂಡು ಪೂವಯ್ಯನವರ ಹೆಂಡತಿ ಮುತ್ತಮ್ಮ ಗೇಟಿನವರೆಗೆ ಬಂದವರು, ಒಳಗೆ ನರಳುವುದು ಕೇಳಿ ಒಳಕ್ಕೇ ಬಂದರು. ಮಗುವಿನ ಮುಖ ನೋಡಿದರು. ಕಣ್ಣಿನ ಬಿಳಿ ಅರಿಶಿನಕ್ಕೆ ತಿರುಗಿತ್ತು.

"ಎಷ್ಟು ದಿನ ಆಯ್ತು? ಡಾಕ್ಟರ್ ಏನು ಹೇಳಿದ್ರು?"

"ತೋರ್ಸಿಲ್ಲ ಅಮ್ಮಾ. ಮದ್ದು ಸೊಪ್ಪು ಇನ್ನೂ ಕೆಲ್ಸ ಮಾಡ್ತಾ ಐತೆ. ಉಚ್ಚೆ ಕೆಂಪಗೇ ಹೋಗ್ತಾ ಐತೆ, ಇವತ್ತು ಮಾತ್ರ ಒಸಿ ಕಮ್ಮಿ ಹೋದ್ಲು."

ಮುತ್ತಮ್ಮ ಅವಳನ್ನೇ ನೋಡಿದರು. "ಯಾವತ್ತು ತಿಂದದ್ದು?"

"ಭಾನುವಾರ."

"ಅಯ್ಯೋ ಮಾರಾಯ್ತಿ! ಅದರ ಬಣ್ಣ ಒಂದು ದಿನಕ್ಕೆ ಹೋಗ್ತದೆ. ಇದು ಸೊಪ್ಪಿನದ್ದಲ್ಲ. ಏಳು, ಜೀಪ್ ತರಿಸ್ತೇನೆ, ಏಳು!"

ಜೀಪಿನಲ್ಲಿ ಗಂಡನ ಪಕ್ಕ ಕೂತ ರಂಜಿತಾಳಿಗೆ ದಾರಿಯುದ್ದಕ್ಕೂ ನಿನ್ನೆಯ ಆ ಆಟೋ ಒಂದೇ ಕಣ್ಣ ಮುಂದೆ. ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣು ಬಿಡಿಸಿ ನೋಡಿ, ಹೊಟ್ಟೆ ಒತ್ತಿ, ಕಾಲ್ಬೆರಳ ಸಂದಿಯ ಹುಣ್ಣು ಕಂಡು, ಗದ್ದೆ ನೀರಿಗೆ ಇಳಿದಿದ್ದಳಾ ಎಂದು ಕೇಳಿದರು. ಹೌದು ಎಂದಾಗ ತಲೆಯಾಡಿಸಿದರು. "ಇಲಿ ಜ್ವರದ ಹಾಗಿದೆ. ಇಲಿ ಉಚ್ಚೆ ಸೇರಿದ ನೀರು ಗಾಯಕ್ಕೆ ತಾಗಿದರೆ ಬರುತ್ತೆ. ಮೂತ್ರ ಯಾವಾಗಿನಿಂದ ಕೆಂಪು?"

ರಂಜಿತಾ ಬಾಯಿ ತೆರೆಯುವ ಮೊದಲೇ ತೇಜಸ್ವಿನಿ ಕಣ್ಣು ತೆರೆದಳು. "ಅದು ಮದ್ದು ಸರ್," ಎಂದಳು, ಕ್ಲಾಸಿನಲ್ಲಿ ಎದ್ದು ನಿಂತು ಉತ್ತರ ಹೇಳುವವಳಂತೆ. "ಕೆಂಪು ಬಂದ್ರೆ ಹೆದರಬಾರದು."

ಡಾಕ್ಟರು ಅವಳ ತಲೆ ಸವರಿದರು. ಆಮೇಲೆ ಗಂಡಹೆಂಡಿರನ್ನು ಬಾಗಿಲ ಹೊರಗೆ ಕರೆದರು, ಆದರೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. "ಕಿಡ್ನಿ ನಿಲ್ತಾ ಇದೆ. ಮೈಸೂರಿಗೆ ಬರೆದು ಕೊಡ್ತೇನೆ, ಈಗಲೇ ಹೊರಡಿ. ಕೆಂಪು ಕಂಡ ದಿನವೇ ಬಂದಿದ್ರೆ ಇಷ್ಟಕ್ಕೆ ಬರ್ತಿರಲಿಲ್ಲವೇನೋ. ಯಾರು ಹೇಳಿದ್ದು ನಿಮಗೆ, ಅದು ಮದ್ದು ಅಂತ?"

ಒಳಗೆ ಮಂಚದ ಮೇಲೆ ಮಗು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು.

ಆ್ಯಂಬುಲೆನ್ಸ್ ಕುಶಾಲನಗರ ದಾಟಿತು. ಮುಂದೆ ಸಣ್ಣಸ್ವಾಮಿ, ಹಿಂದೆ ಮಗಳ ಪಕ್ಕ ರಂಜಿತಾ. ತೇಜಸ್ವಿನಿ ಅಮ್ಮನ ಸೆರಗಿನ ತುದಿ ಎಳೆದಳು.

"ಅಮ್ಮ, ನಾನು ತಪ್ಪು ಹೇಳಿದ್ನಾ?"

ರಂಜಿತಾಳಿಗೆ ಸಂಕಟ ಮಾತ್ರ ಇತ್ತು ಎಂದರೆ ಸುಳ್ಳಾಗುತ್ತದೆ, ಸಿಟ್ಟೂ ಇತ್ತು. ಟೀಚರ್ ಮೇಲೆ, ಸೊಪ್ಪಿನ ಮೇಲೆ, ಆ ಗದ್ದೆಯ ಮೇಲೆ, ತನ್ನ ಮೇಲೆ. ಅದರ ಒಂದು ಚೂರು ಈ ಎಳೆಯ ಬಾಯಿಯ ಮೇಲೂ.

"ಮಾತಾಡ್ಬ್ಯಾಡ. ಸುಮ್ನೆ ಮಲಕ್ಕೋ," ಎಂದಳು.

ತೇಜಸ್ವಿನಿ ಸೆರಗು ಬಿಟ್ಟಳು. ಮುಖವನ್ನು ಆ ಕಡೆಗೆ ತಿರುಗಿಸಿಕೊಂಡಳು. ಮತ್ತೆ ಏನನ್ನೂ ಕೇಳಲಿಲ್ಲ. ಹುಣಸೂರು ಬರುವಷ್ಟರಲ್ಲಿ ಅವಳಿಗೆ ಎಚ್ಚರವಿರಲಿಲ್ಲ. ಮೈಸೂರಿನಲ್ಲಿ ಯಂತ್ರ ಹಾಕಿದರು, ರಕ್ತ ಕೊಟ್ಟರು, ಕೈಲಾದದ್ದನ್ನೆಲ್ಲ ಮಾಡಿದರು. ಭಾನುವಾರ ಬೆಳಿಗ್ಗೆ ಮಗು ಹೋಯಿತು.

ಮಣ್ಣು ಮಾಡಿದಲ್ಲಿಗೆ ಹಾಲುತುಪ್ಪ ಬಿಟ್ಟು ಬಂದ ದಿನ ಮಧ್ಯಾಹ್ನ, ಬಂದವರೆಲ್ಲ ಎದ್ದು ಹೋದ ಮೇಲೆ, ಸುಧಾ ಟೀಚರ್ ಒಬ್ಬರೇ ಬಂದರು. ಅವರು ಬಂದೇ ಬರುತ್ತಾರೆ ಎಂದು ರಂಜಿತಾಳಿಗೆ ಗೊತ್ತಿತ್ತು. ಅವರಿಗೆಂದೇ ಮಾತು ಕೂಡಿಟ್ಟುಕೊಂಡಿದ್ದಳು. ನಿಮ್ಮ ಮಗುವಾಗಿದ್ದರೆ ಕೆಸರಿಗೆ ಇಳಿಸುತ್ತಿದ್ದಿರಾ? ಕೆಂಪು ಒಂದು ದಿನ ಮಾತ್ರ ಎಂದು ಹೇಳಲು ನಾಲಿಗೆಗೆ ಏನಾಗಿತ್ತು? ಇನ್ನೂ ಕೆಟ್ಟ ಮಾತುಗಳೂ ಇದ್ದವು. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಬಂದವರೆಲ್ಲ ಹೇಳಿ ಹೋಗಿದ್ದರು. ಅವಳಿಗೆ ಫಲ ಬೇಕಿರಲಿಲ್ಲ, ಬೈಯಲು ಒಬ್ಬರು ಬೇಕಿತ್ತು.

ಹಾಕಿದ ಚಾಪೆಯ ಮೇಲೆ ಕೂರದೆ ಟೀಚರ್ ನೆಲದ ಮೇಲೆ ಕೂತರು. ಇಪ್ಪತ್ತೈದೂ ತುಂಬಿರದ ಹುಡುಗಿ. ಅತ್ತು ಅತ್ತು ಮುಖ ಊದಿತ್ತು. ತಲೆ ತಗ್ಗಿಸಿಕೊಂಡೇ ಕೇಳಿದರು.

"ರಂಜಿತಾ ಅವ್ರೇ, ನಾನು ತಪ್ಪು ಹೇಳ್ಕೊಟ್ನಾ?"

ಕೂಡಿಟ್ಟ ಮಾತು ಒಂದೂ ಬರಲಿಲ್ಲ. ಎದುರಿಗಿದ್ದ ಆ ಮುಖ ನೋಡಿ ರಂಜಿತಾಳಿಗೆ ಕರುಳು ಚುರ್‍ರೆಂದಿತು.

"ಇಲ್ಲ ಟೀಚರ್," ಎಂದಳು. "ನೀವು ತಪ್ಪು ಹೇಳ್ಕೊಡ್ಲಿಲ್ಲ. ತಪ್ಪು ತಿಳ್ಕಂಡೋಳು ನಾನು. ದೊಡ್ಡೋರ್ನ ಕೇಳೋದು ಬಿಟ್ಟು ಮಗೀನ ಕೇಳ್ದೆ."

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಎಷ್ಟು ಸಲೀಸಾಗಿ ಬಂದುಬಿಟ್ಟಿತು! ಯಾರದೋ ಮಗಳಿಗೆ, ಒಂದು ಕ್ಷಣವೂ ಕಾಯಿಸದೆ, ಇಲ್ಲ ಎಂದುಬಿಟ್ಟಳು. ಟೀಚರ್ ಅಳುತ್ತಾ ಅವಳ ಕೈ ಹಿಡಿಯಲು ಬಂದರು. ರಂಜಿತಾ ಕೈ ಕೊಸರಿಕೊಂಡು ಗೋಡೆಗೆ ಸರಿದಳು.

"ಅವ್ಳೂ ಇದನ್ನೇ ಕೇಳಿದ್ಲು ಟೀಚರ್," ಎಂದಳು. "ಅವ್ಳಿಗೆ ನಾನು ಹೇಳ್ಲಿಲ್ಲ."