ಇಲ್ಲದ ಬಾರಿನ ಎದುರಿನ ಕಂಬ

ನಯೀಮ್ ನಕ್ಷೆಯ ಕಾಗದವನ್ನು ತಲೆಕೆಳಗು ಮಾಡಿ ವ್ಯಾನಿನ ಬಾನೆಟ್ಟಿನ ಮೇಲೆ ಮತ್ತೊಮ್ಮೆ ಹರಡಿದ. ಗಾಳಿ ಕಿತ್ತುಕೊಳ್ಳಲು ನೋಡಿತು. ಮೊಣಕೈ ಊರಿ ಹಿಡಿದ. ಅವನ ಮುಂದೆ ರಸ್ತೆಗೆ ಅಡ್ಡಲಾಗಿ ಕಿತ್ತಳೆ ಬಣ್ಣದ ಪೀಪಾಯಿಗಳು, ಪೀಪಾಯಿಗಳಾಚೆ ಆನೆಯನ್ನು ಹೂಳುವಷ್ಟು ಆಳದ ಗುಂಡಿ, ಗುಂಡಿಯ ತಳದಲ್ಲಿ ಬೆರಳು ಗಾತ್ರದ ಒಂದು ಕೇಬಲ್ಲು. ಅವನ ಹಿಂದೆ ಮಸೀದಿಯ ವ್ಯಾನು, ವ್ಯಾನಿನೊಳಗೆ ಪೆಟ್ಟಿಗೆಯಲ್ಲಿ ಬಿಳಿ ಬಟ್ಟೆ ಸುತ್ತಿಕೊಂಡು ಮಲಗಿದ ನಿಜಾಮುದ್ದೀನ್. ಅದರ ಹಿಂದೆ, ಅವರಿಗೆ ಮಣ್ಣು ಕೊಡಲು ಹೊರಟ ಕಾರುಗಳ ಸಾಲು.

ಆ ವರ್ಷ ಎಲ್ಲರಿಗೂ ಇಂಟರ್‌ನೆಟ್ಟಿನ ಹುಚ್ಚು. ಸನ್ನಿವೇಲಿನಿಂದ ಬರ್ಕ್ಲಿಯ ತನಕ ಕೇಬಲ್ಲಿಗಾಗಿ ಅಗೆಯದೆ ಬಿಟ್ಟ ರಸ್ತೆ ಹುಡುಕಿದರೂ ಸಿಗುತ್ತಿರಲಿಲ್ಲ. ಫ್ರೀವೇ ಹೆದ್ದಾರಿಯಿಂದ ಕಬರಸ್ತಾನಕ್ಕೆ ಇಳಿಯುವ ದಾರಿಯನ್ನೂ ಅಗೆದು ಮುಚ್ಚಿದ್ದರು. ಸುತ್ತುದಾರಿಯ ಬಾಣಗಳನ್ನು ನಂಬಿ ಹೋದರೆ, ಅವು ಊರೆಲ್ಲ ಅಲೆಸಿ ಮತ್ತೆ ಇದೇ ಪೀಪಾಯಿಗಳ ಮುಂದೆ ತಂದು ನಿಲ್ಲಿಸಿದ್ದವು.

ಹಳೆಯ ಟೊಯೋಟಾದ ಮುಂದಿನ ಸೀಟಿನಲ್ಲಿ ನಿಜಾಮುದ್ದೀನರ ಹೆಂಡತಿ ಖಾಲಿದಾಬಿಗೆ ಮೈ ಉರಿಯುತ್ತಿತ್ತು. ಹೆಣ್ಣುಮಕ್ಕಳು ಕಬರಸ್ತಾನಕ್ಕೆ ಬರುವ ಪದ್ಧತಿಯಿಲ್ಲ ಎಂದು ಮಸೀದಿ ಕಮಿಟಿಯವರು ಹೇಳಿದ್ದರು. ಗೇಟಿನ ತನಕ ಮಾತ್ರ ಎಂದು ಹಟ ಹಿಡಿದು, ಅದೂ ಗಂಡನ ಕಾರಿನಲ್ಲೇ ಎಂದು ಇನ್ನೊಂದು ಹಟ ಸೇರಿಸಿ ಹೊರಟಿದ್ದಳು. ಮಗ ಹಸನ್ ಸ್ಟಿಯರಿಂಗ್ ಹಿಡಿದಿದ್ದ.

"ಹಾಳಿ ತಿರುಗಿಸಿದ್ರ ದಾರಿ ಹುಟ್ಟತೈತೇನು?" ಎಂದಳು. "ಇವನ ಕೈಯಾಗ ಬಿಟ್ರ ನಿಮ್ಮಪ್ಪನ್ನ ಮೆಕ್ಸಿಕೋಕ್ಕ ಮುಟ್ಟಿಸ್ತಾನ."

"ಅಮ್ಮಿ, ಪ್ಲೀಸ್. ಅವನೂ ಟ್ರೈ ಮಾಡ್ತಿದಾನೆ."

ಗೇಟು ಮೂರಕ್ಕೆ ಮುಚ್ಚುತ್ತಿತ್ತು. ಅಂದು ಶುಕ್ರವಾರ. ತಪ್ಪಿದರೆ ಸೋಮವಾರವೇ, ಅಲ್ಲಿಯವರೆಗೆ ಆಸ್ಪತ್ರೆಯ ಥಂಡಿ ಕೋಣೆ. ಹಸನ್ ಇದನ್ನು ತಗ್ಗಿದ ದನಿಯಲ್ಲಿ ಒಮ್ಮೆ ಹೇಳಿದ್ದ, ಅಷ್ಟೆ. ಅವಳ ತಲೆಯಲ್ಲಿ ಮಾತ್ರ ಅದು ಗಿರಣಿಯ ಕಲ್ಲಿನಂತೆ ತಿರುಗುತ್ತಲೇ ಇತ್ತು. ಅವಳ ಗಂಡ ಜುಲೈ ತಿಂಗಳ ಬಿಸಿಲಿನಲ್ಲೂ ಎರಡು ಸ್ವೆಟರ್ ತೊಡುತ್ತಿದ್ದವರು. ಐಸ್‌ಕ್ರೀಮನ್ನು ಒಲೆಯ ಮೇಲಿಟ್ಟು ಬಿಸಿ ಮಾಡಿ ತಿನ್ನುತ್ತಾರೆ ಎಂದು ಅವಳು ಊರ ತುಂಬ ಹೇಳಿಕೊಂಡು ಬಂದಿದ್ದಳು. ಅದರಲ್ಲಿ ಸುಳ್ಳಿದ್ದದ್ದು ಸ್ವಲ್ಪವೇ.

*

ಗದಗದಿಂದ ಬಂದ ನಿಜಾಮುದ್ದೀನ್ ಇಲ್ಲಿ ಕೆಲಸಕ್ಕೆಂದು ಸೋಡಾ ಲಾರಿ ಹತ್ತಿದರು; ಇಳಿದದ್ದು ಮೊಣಕಾಲು ಕೈಕೊಟ್ಟ ಮೇಲೆ. ನೆವಾರ್ಕಿನಾಚೆ, ಉಪ್ಪಿನ ಮಡಿಗಳ ನಡುವೆ, ಕಾಲುವೆಯ ದಡದಲ್ಲಿ ಹಾಕಿನ್ಸ್ ಲ್ಯಾಂಡಿಂಗ್ ಎಂಬ ಹಳ್ಳಿಯಿತ್ತು. ಒಂದು ಕಾಲಕ್ಕೆ ಅಲ್ಲಿಗೆ ದೋಣಿಗಳು ಬಂದು ಉಪ್ಪು, ಹುಲ್ಲು, ಟೊಮೇಟೊ ಡಬ್ಬಿ ತುಂಬಿಕೊಂಡು ಹೋಗುತ್ತಿದ್ದವಂತೆ. ನಿಜಾಮುದ್ದೀನರ ಕಾಲಕ್ಕೆ ಉಳಿದದ್ದು ಬೀಗ ಹಾಕಿದ ಡಬ್ಬಿ ಕಾರ್ಖಾನೆ ಮತ್ತು ಬಾರುಗಳು. ಹನಿ ಹೆಂಡ ಮುಟ್ಟದ ಮನುಷ್ಯ ಬಾರಿನಿಂದ ಬಾರಿಗೆ ಸೋಡಾ ಕ್ರೇಟು ಹೊತ್ತು, ಅವುಗಳ ಥಂಡಿ ಕೋಣೆಗಳಲ್ಲಿ ಇಳಿಸಿ, ಲಾರಿಯ ಹಿಂಭಾಗದಲ್ಲಿ ರಟ್ಟು ಹಾಸಿ ನಮಾಜು ಮಾಡಿ, ಮನೆಗೆ ಬಂದು ಕಂಬಳಿ ಹೊದ್ದು ನಡುಗುತ್ತಿದ್ದರು.

"ಸತ್ತ ಮ್ಯಾಲಾದ್ರೂ ನನ್ನ ಥಂಡಿ ಖೋಲ್ಯಾಗ ಇಡಬ್ಯಾಡ್ರಿ," ಎಂದಿದ್ದರು ಒಮ್ಮೆ.

"ಮತ್ತ ಒಲಿ ಮ್ಯಾಲ ಇಡ್ಲೇನು?" ಎಂದು ಅವಳು ನಕ್ಕಿದ್ದಳು.

ಬಾರುಗಳು ಒಂದೊಂದಾಗಿ ಬಿದ್ದವು. ಕೆಲಸ ಬಿಟ್ಟ ಮೇಲೆ ನಿಜಾಮುದ್ದೀನ್ ಶನಿವಾರ ಬಂತೆಂದರೆ ಹೆಂಡತಿಯನ್ನು ಟೊಯೋಟಾದಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೊರಡುತ್ತಿದ್ದರು. ಕಳೆ ಬೆಳೆದ ಜಾಗದ ಪಕ್ಕ ಕಾರು ನಿಲ್ಲಿಸಿ, ಕುಂಟುತ್ತ ಇಳಿದು, ನೆಲವನ್ನು ಹೆಜ್ಜೆಯಿಂದ ಅಳೆಯುತ್ತಿದ್ದರು. ಇಲ್ಲಿ ಮ್ಯಾನುಯೆಲ್‌ನ ಬಾರು, ಇಲ್ಲಿ ಅದರ ಹಿಂಬಾಗಿಲು, ಇದು ಕಾರ್ಖಾನೆಯ ಹೆಂಗಸರು ಕೆಲಸ ಮುಗಿಸಿ ಕಾಲು ಚಾಚುತ್ತಿದ್ದ ಕಟ್ಟೆ. ಯಾರಾದರೂ ಮುದುಕ ಸಿಕ್ಕರೆ ಹಿಡಿದು ನಿಲ್ಲಿಸಿ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಬಂದು ಅವಳ ಕಿಟಕಿ ಗಾಜಿನ ಹತ್ತಿರ ನಿಂತು ಎಲ್ಲದರ ವರದಿ ಒಪ್ಪಿಸುತ್ತಿದ್ದರು.

ಅವಳು ಗಾಜು ಇಳಿಸುತ್ತಿರಲಿಲ್ಲ. ಬಾರು ಬಿದ್ದು ಹತ್ತು ವರ್ಷವಾಗಿದ್ದರೂ ಅವಳ ಮೂಗಿಗೆ ಹೆಂಡದ ವಾಸನೆ ಬರುತ್ತಿತ್ತು. ಆ ಕಡೆಗೆ ಬೆನ್ನು ಕೊಟ್ಟು, ಈ ದೇಶದಲ್ಲಿ ಎಡಕ್ಕಿರುವ ಡ್ರೈವರ್ ಸೀಟು ಖಾಲಿಯಾದದ್ದರಿಂದ ಅದರಾಚೆ ರಸ್ತೆಯ ಇನ್ನೊಂದು ಮಗ್ಗುಲನ್ನು ನೋಡುತ್ತ ಬಟಾಣಿ ಸುಲಿಯುತ್ತಿದ್ದಳು. ಒಂದು ಶನಿವಾರಕ್ಕೆ ಒಂದು ಬಂಡಿ ಬಟಾಣಿ ಎಂಬುದು ಅವಳ ಲೆಕ್ಕ.

"ಮಂದಿ ಗಂಡಂದಿರು ಇರೋ ಬಾರಿಗೆ ಹೋಗಿ ಕುಡೀತಾರ," ಎಂದು ನೆರೆಮನೆಯ ಪ್ರಭಾಗೆ ಹೇಳುತ್ತಿದ್ದಳು. "ನನ್ನ ಗಂಡ ಇಲ್ಲದ ಬಾರಿಗೆ ಹೋಗಿ ಕುಡಿಯಂಗಿಲ್ಲ."

*

ನಯೀಮ್ ಕಾಗದ ಮಡಚಿಕೊಂಡು ಕಾರಿನ ಹತ್ತಿರ ಬಂದ. ಮೈಸೂರಿನ ಹುಡುಗ, ಕಮಿಟಿಯ ಕೆಲಸವೆಲ್ಲ ಅವನ ತಲೆಯ ಮೇಲೆ. ಬೆವರುತ್ತಿದ್ದ.

"ನಿಜಾಮುದ್ದೀನ್ ಚಾಚಾ ಕಬರಸ್ತಾನಕ್ಕೆ ಹಿಂದ್ಗಡೆಯಿಂದ ಒಂದು ರಸ್ತೆ ಇದೆ ಅಂದಿದ್ರು," ಎಂದ. "ಕಾಲುವೆ ಪಕ್ಕದಲ್ಲೇ ಬಂದು, ಕೊನೇ ಬಾರ್ ಹತ್ರ ಎಡಕ್ಕೆ ತಿರುಗಬೇಕು ಅಂತ."

"ಆ ಬಾರ್ ಎಲ್ಲಿದೆ?" ಹಸನ್ ಕೇಳಿದ.

"ಇಲ್ಲ. ಅದನ್ನ ಕೆಡವಿಬಿಟ್ಟಿದಾರೆ."

ಖಾಲಿದಾಬಿಗೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಸತ್ತ ಮೇಲೂ ಈ ಮನುಷ್ಯನದು ಬಾರಿನ ಗುರುತೇ.

"ಕಾರು ಹೊರಳಿಸು," ಎಂದಳು ಮಗನಿಗೆ. "ಮುಂದ ನೀ ಹೋಗು. ಅವ ಹಿಂದ ಬರ್ಲಿ."

"ದಾರಿ ಗೊತ್ತಾ ಅಮ್ಮಿ ನಿಂಗೆ?"

"ಗೊತ್ತಿಲ್ಲ. ಹೊರಳಿಸು."

ಕಾಲುವೆಯನ್ನು ಕಂಡು ಅವಳಿಗೆ ಧೈರ್ಯ ಬಂತು. ಗಂಡನ ವರದಿಗಳಲ್ಲಿ ಕಿವಿಗೆ ಬಿದ್ದದ್ದನ್ನು ನೆನೆಸಿಕೊಂಡು, ಕಾರ್ಖಾನೆ ದಾಟಿದ ಮೇಲೆ ಬಲಕ್ಕೆ ಎಂದಳು. ಕಾರ್ಖಾನೆ ಎಲ್ಲಿತ್ತೋ ಯಾರಿಗೆ ಗೊತ್ತು. ಅಂದಾಜಿನ ಮೇಲೆ ಬಲಕ್ಕೆ ಹೊರಳಿದರೆ ಎದುರಿಗೆ ನೀಲಿ ಗಾಜಿನ ಆಫೀಸು, ಅದರ ಮುಂದೊಂದು ಕಾರಂಜಿ. ಹೆಣದ ವ್ಯಾನೂ ಕಾರುಗಳೂ ತೇರಿನ ಹಾಗೆ ಕಾರಂಜಿಗೆ ಒಂದು ಸುತ್ತು ಹಾಕಿದವು. ಕೊರಳಿಗೆ ಆಫೀಸಿನ ಗುರುತಿನ ಬಿಲ್ಲೆ ತೂಗುಹಾಕಿಕೊಂಡ ಹುಡುಗರು ಕಾಫಿ ಲೋಟ ಹಿಡಿದು ನಿಂತು ನೋಡಿದರು. ಹಸನ್‌ನ ಸೆಲ್‌ಫೋನು ಬಡಿದುಕೊಂಡಿತು, ನಯೀಮ್. ಎರಡೂಮುಕ್ಕಾಲು ಆಗುತ್ತ ಬಂತು, ಗೇಟಿನವರಿಗೆ ಏನು ಹೇಳಲಿ ಎಂದು ಕೇಳುತ್ತಿದ್ದನಂತೆ.

ಖಾಲಿದಾಬಿ ಹಿಂದಿನ ವ್ಯಾನಿನಲ್ಲಿದ್ದ ಗಂಡನ ಕಡೆ ತಿರುಗಿದಳು.

"ತೋರಿಸೋದು ತೋರಿಸಿದ್ರಿ," ಎಂದಳು, "ಒಂದಾರ ಬೀಳದ ನಿಲ್ಲೋವಂಥದ್ದು ತೋರಿಸಬಾರದಿತ್ತೇನ್ರೀ?"

ಹಸನ್ ಕಾರನ್ನು ಮತ್ತೆ ಕಾಲುವೆಯ ರಸ್ತೆಗೆ ತಂದು ನಿಲ್ಲಿಸಿದ. ಅವಳಿಗೆ ಆ ಗಾಜಿನ ಆಫೀಸನ್ನು ನೋಡುವುದೇ ಬೇಡವಾಯಿತು. ಅಭ್ಯಾಸದಂತೆ ಅದಕ್ಕೆ ಬೆನ್ನು ಕೊಟ್ಟು ಎಡಕ್ಕೆ ಮುಖ ತಿರುಗಿಸಿದಳು. ಮಗನ ಭುಜದಾಚೆ, ರಸ್ತೆಯ ಇನ್ನೊಂದು ಮಗ್ಗುಲಲ್ಲಿ, ನೀರೆತ್ತುವ ಹಳೆಯ ಗಾಳಿಚಕ್ರ ನಿಂತಿತ್ತು. ಅದಕ್ಕೊಂದು ರೆಕ್ಕೆ ಇರಲಿಲ್ಲ.

ಆ ಇಲ್ಲದ ರೆಕ್ಕೆಯನ್ನು ನೋಡುತ್ತ ಅವಳು ಎಷ್ಟು ಬಂಡಿ ಬಟಾಣಿ ಸುಲಿದಿದ್ದಳೋ.

"ಇದು ಮ್ಯಾನುಯೆಲ್‌ನ ಬಾರು," ಎಂದಳು.

"ಯಾವುದು?"

"ನನ್ನ ಬೆನ್ನ ಹಿಂದಿಂದು. ನಡಿ ಮುಂದ."

ಆಮೇಲೆ ಅವಳು ಬಲಗಡೆ ನೋಡಲೇ ಇಲ್ಲ. ಎಡಕ್ಕೆ ತಗಡಿನ ಕೋಳಿಗೂಡು ಬಂತು. ಅದರೆದುರು, ಅತ್ತಿಗೆಯ ಮಗಳ ಮದುವೆಯ ಸಲುವಾಗಿ ಜಗಳವಾಗಿ ಕಾರಿನಿಂದ ಇಳಿದು ನಡೆದೇ ಹೊರಟಿದ್ದಳು. ರೈಲು ಹಳಿ ಬಂತು, ಕಾರು ಕುಪ್ಪಳಿಸಿತು, ಇಲ್ಲೇ ಡಬ್ಬಿಯ ಸಾರು ಸೀರೆಗೆ ಚೆಲ್ಲಿ ಮನೆ ಮುಟ್ಟುವ ತನಕ ಬೈದಿದ್ದಳು. ಹಳಿ ದಾಟಿದ ಮೇಲೆ ದೂರದಲ್ಲಿ ಆ ಕಂಬ ಕಾಣಿಸಿತು. ವಾಲಿದ ಮರದ ಕಂಬ. ಈ ಊರಲ್ಲಿ ಕಂಬವೂ ಕುಡಿದಿದೆ ಎಂದು ಗಂಡನನ್ನು ಅವಳು ಕಾಡುತ್ತಿದ್ದದ್ದು ಇದನ್ನೇ ನೋಡಿ.

*

ಅದು ಕೊನೆಯ ಬಾರು ಇನ್ನೂ ನಿಂತಿದ್ದ ಕಾಲದ ಒಂದು ಶನಿವಾರ. ಮುಂದಿನ ತಿಂಗಳು ಅದನ್ನೂ ಕೆಡವುತ್ತಾರೆ ಎಂದು ನಿಜಾಮುದ್ದೀನ್ ಕೇಳಿ ಬಂದಿದ್ದರು.

"ಒಮ್ಮೆ ಒಳಗ ಬಾ," ಎಂದರು. "ಸೋಡಾ ಕುಡದು ಬರೂಣು. ಇಷ್ಟು ವರ್ಷ ನಾ ಹೊತ್ತದ್ದೆಲ್ಲಾ ಎಲ್ಲಿ ಇಳಿಸಿದ್ದೆ, ನೋಡಿಯಾರ ನೋಡು."

"ನನ್ನ ಹೆಣಾನೂ ಒಳಗ ಬರಂಗಿಲ್ಲ."

"ಆತು. ಇಲ್ಲೇ ಕುಂದ್ರು, ಲಗೂನ ಬರ್ತೀನಿ."

ಮೂರು ಮೆಟ್ಟಿಲು ಹತ್ತಿ ಒಳಗೆ ಹೋದರು. ಗಾಜಿನ ಲೋಟದಲ್ಲಿ ಸೋಡಾ, ಅದರಲ್ಲಿ ಐಸು, ಸ್ಟ್ರಾ ಬೇರೆ, ಹಿಡಿದುಕೊಂಡು ಹೊರಗೆ ಬಂದು ಅವಳ ಕಿಟಕಿಯನ್ನು ಬೆರಳಿನಿಂದ ತಟ್ಟಿದರು. ಅವಳು ಬೆನ್ನು ಕೊಟ್ಟು ಎದುರು ಮಗ್ಗುಲಿನ ಕಂಬ ನೋಡುತ್ತಿದ್ದಳು. ಮತ್ತೆ ತಟ್ಟಿದರು. ಥಂಡಿ ತಾಳದೆ ಲೋಟವನ್ನು ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಬದಲಾಯಿಸುತ್ತ ನಿಂತಿದ್ದು ಅವಳ ಕಣ್ಣಂಚಿಗೆ ಗೊತ್ತಾಗುತ್ತಿತ್ತು. ಕಡೆಗೆ ಅಲ್ಲೇ ನಿಂತು, ನಡುಗುತ್ತ, ಅಷ್ಟನ್ನೂ ತಾವೇ ಕುಡಿದು ಲೋಟ ವಾಪಸು ಕೊಟ್ಟು ಬಂದರು. ದಾರಿಯಲ್ಲಿ ಅವಳೇ ಹೀಟರ್ ಹಾಕಿದಳು.

*

"ಇಲ್ಲೇ. ಎಡಕ್ಕ."

"ಎಡಕ್ಕೆ ಏನೂ ಇಲ್ಲ ಅಮ್ಮಿ. ಬರೀ ಕಂಬ."

"ಕಂಬದ ಮಗ್ಗುಲಾಗ ಮಣ್ಣಿನ ದಾರಿ ಐತಿ. ಬಾರಿನ ಎದುರಿಗೆ."

ಹಸನ್ ಬಲಕ್ಕೆ ನೋಡಿದ. ಕೇಬಲ್ಲಿನ ದೊಡ್ಡ ದೊಡ್ಡ ಮರದ ಉರುಳೆಗಳು, ಕಳೆ. ಕಳೆಯ ನಡುವೆ ಎಲ್ಲಿಗೂ ಹತ್ತದ ಮೂರು ಮೆಟ್ಟಿಲು. ತಾಯಿ ಅತ್ತ ತಿರುಗಲಿಲ್ಲ. ಅವನು ಸಿಗ್ನಲ್ ಹಾಕಿ ಹೊರಳಿಸಿದ. ಹಿಂದಿನ ವ್ಯಾನು ಹೊರಳಿತು. ಅದರ ಹಿಂದೆ ಒಂದೊಂದೇ ಕಾರು, ಬಯಲಿನ ನಡುವೆ ಎಡದ ದೀಪ ಮಿಟುಕಿಸುತ್ತ ಹೊರಳಿತು.

ಮಣ್ಣಿನ ದಾರಿಯ ಕೊನೆಗೆ ಕಬರಸ್ತಾನದ ಗೇಟಿನವನು ಸರಪಳಿ ಕೈಯಲ್ಲಿ ಹಿಡಿದು ನಿಂತಿದ್ದ. ನಯೀಮ್ ಓಡಿ ಹೋಗಿ ಕೈಮುಗಿದನೋ ಕಾಲು ಹಿಡಿದನೋ, ಗೋಳಾಡಿ ಒಪ್ಪಿಸಿದ. ಗಂಡಸರು ಹೆಗಲು ಕೊಡಲು ವ್ಯಾನಿನ ಹಿಂದೆ ಸೇರಿದರು. ನಯೀಮ್ ಏದುಸಿರು ಬಿಡುತ್ತ ಟೊಯೋಟಾದ ಹತ್ತಿರ ಬಂದ.

"ಚಾಚಿ, ನೀವು ಇಲ್ಲೇ ಕಾರಲ್ಲೇ ಕೂತಿರಿ. ಬೇಗ ಬಂದ್ಬಿಡ್ತೀವಿ."

ಅವಳು ಆಗಲಿ ಎಂಬಂತೆ ತಲೆಯಾಡಿಸಿದಳು. ಹಸನ್ ಇಳಿದು ಹೋದ. ಡ್ರೈವರ್ ಸೀಟು ಖಾಲಿಯಾಯಿತು. ಕತ್ತು ತಾನಾಗಿ ಅತ್ತ ತಿರುಗಿತು. ಸೀಟಿನಾಚೆ ಬೇಲಿ, ಬೇಲಿಯಾಚೆ ಉಪ್ಪಿನ ಮಡಿ. ಬಲಗಡೆ, ಅವಳ ಗಾಜಿನ ಹೊರಗೆ, ಪೆಟ್ಟಿಗೆ ಹೆಗಲುಗಳ ಮೇಲೆ ಸಾಗುತ್ತಿತ್ತು.

ಖಾಲಿದಾಬಿ ಕಿಟಕಿಯ ಹಿಡಿಕೆ ಹಿಡಿದು ತಿರುವಿದಳು. ಅದು ಕದಲಲಿಲ್ಲ. ಎರಡೂ ಕೈ ಹಾಕಿ, ಹಲ್ಲು ಕಚ್ಚಿ, ಅದನ್ನೂ ಅದನ್ನು ಮಾಡಿದವನನ್ನೂ ಬೈದು ತಿರುವಿದಳು. ಗಾಜು ಕಿರುಗುಟ್ಟುತ್ತ ಅರ್ಧಕ್ಕೆ ಇಳಿದು ಸಿಕ್ಕಿಹಾಕಿಕೊಂಡಿತು. ಅಂಗೈಯಿಂದ ಒತ್ತಿದಳು, ಗುದ್ದಿದಳು, ಜಗ್ಗಲಿಲ್ಲ. ಹೊರಗೆ ಮೊದಲ ಹಿಡಿ ಮಣ್ಣು ಬಿದ್ದ ಸದ್ದು ಬಂತು.

ಆ ಅರ್ಧ ಗಾಜಿನ ಮೇಲಿಂದ ಅವಳು ಮೊಣಕೈಯವರೆಗೆ ಕೈ ಹೊರಗೆ ಚಾಚಿ, ಲೋಟವೊಂದನ್ನು ಇಸಿದುಕೊಳ್ಳುವಂತೆ ಬೆರಳು ಬಿಡಿಸಿ ಹಿಡಿದಳು.