ಬಸ್ಸಿನ ಹಿಂದಿನ ಮೂಲೆ

ನಾನು ನಮ್ಮನೆಯವರಿಗೆ ಕೇಳಿದ್ದು ಒಂದೇ ಒಂದು. ಬಸ್ಸಿನಾಗೆ ಒಂದು ಸಂಡಾಸು ಇರಬೇಕು ಅಂತ. ಹಾಸಿಗೆ ಹೆಂಗಾದ್ರೂ ಇರ್ಲಿ, ಒಲೆ ಇಲ್ಲದಿದ್ರೂ ನಡೀತೈತೆ, ಹೋಟ್ಲಾಗೆ ತಿಂದ್ರಾಯ್ತು. ಆದ್ರೆ ಹಿಂದಿನ ಮೂಲೆನಾಗೆ ಬಾಗಿಲು, ಚಿಲಕ ಇರೋ ಒಂದು ಸಂಡಾಸು ಇಲ್ಲ ಅಂದ್ರೆ ನಾನು ಆ ಬಸ್ಸು ಹತ್ತೋಳಲ್ಲ ಅಂದಿದ್ದೆ. "ಆಯ್ತು ಮಾರಾಯ್ತಿ, ಮೊದ್ಲು ಅದನ್ನೇ ಮಾಡ್ಸೋಣ" ಅಂದಿದ್ರು ನಮ್ಮನೆಯವರು, ಪ್ರಸನ್ನಕುಮಾರ್. ಊಟಕ್ಕೆ ಕೂತಾಗ, ಕೈಯಾಗೆ ರೊಟ್ಟಿ ಹಿಡ್ಕೊಂಡು ಅಂದಿದ್ದ ಮಾತು ಅದು.

ಆ ಬಸ್ಸು ನಂಗೆ ಹೊಸದೇನಲ್ಲ. ನಮ್ಮನೆ ಚನ್ನಗಿರಿ, ನನ್ನ ಕೆಲಸ ನ್ಯಾಮತಿನಾಗೆ, ಒಂದು ಕಾಲೇಜಿನ ಆಫೀಸಿನಾಗೆ ಕ್ಲರ್ಕು. ಬೆಳಿಗ್ಗೆ ನಮ್ಮನ್ನ ಚನ್ನಗಿರಿನಾಗೆ ಹತ್ತಿಸ್ಕೊಂಡು, ಹೊನ್ನಾಳಿನಾಗೆ ಒಂದಷ್ಟು ಮಂದಿನ ತುಂಬ್ಕೊಂಡು, ಗೋವಿನಕೋವಿ ಕಡೆಗೂ ಒಂದು ಸುತ್ತು ಹಾಕಿ ನ್ಯಾಮತಿಗೆ ಬಿಡೋ ಕಾಲೇಜಿನ ಶಟಲ್ ಬಸ್ಸು ಅದು. ಸಂಜೆ ಅದೇ ದಾರಿ ವಾಪಸ್. ಗಂಡಸರಿಗೇನು, "ಡ್ರೈವರಣ್ಣ, ಒಂದ್ನಿಮಿಷ" ಅಂದ್ರೆ ಸಾಕು, ಬಸ್ಸು ನಿಲ್ತಿತ್ತು, ಇಳಿದು ಬೇಲಿ ಕಡೆ ಮುಖ ಮಾಡಿ ನಿಲ್ಲೋರು. ನಾವು ಹೆಂಗಸರು ಕಿಟಕಿಯಿಂದ ಇನ್ನೊಂದು ಕಡೆ ನೋಡ್ಕೊಂಡು ಕೂತಿರ್ತಿದ್ವಿ. ನನ್ನ ನೀರಿನ ಬಾಟ್ಲಿ ಮನೆಯಿಂದ ತುಂಬಿಕೊಂಡು ಹೋಗ್ತಿತ್ತು, ತುಂಬಿಕೊಂಡೇ ವಾಪಸ್ ಬರ್ತಿತ್ತು.

ಹಿಂಗೆ ವರ್ಷಗಟ್ಲೆ ನೀರು ಕುಡೀದೆ ಓಡಾಡಿ ಕಿಡ್ನಿನಾಗೆ ಕಲ್ಲಾಯ್ತು. ದಾವಣಗೆರೆ ಡಾಕ್ಟ್ರು "ನೀರು ಕುಡಿಯಾಕೆ ಏನಮ್ಮ ಕಷ್ಟ ನಿಮಗೆ?" ಅಂತ ಬೈದ್ರು. ಬಾರಪ್ಪಾ, ಸೀರೆ ಉಟ್ಕೊಂಡು ಒಂದು ವಾರ ಆ ಬಸ್ಸಿನಾಗೆ ಓಡಾಡು, ಆಮೇಲೆ ಹೇಳು ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ಆಪರೇಷನ್ ಆಗಿ ಮಲಗಿದ್ದಾಗ ಪಕ್ಕದಾಗೆ ಕೂತು ಎಳನೀರು ಕುಡಿಸಿದೋರು ನಮ್ಮನೆಯವರೇ. ಅವರಿಗೆ ಎಲ್ಲಾ ಗೊತ್ತಿತ್ತು. ಗೊತ್ತಿಲ್ದೇ ಮಾಡಿದ್ರು ಅಂತ ಯಾರೂ ನಂಗೆ ಸಮಾಧಾನ ಹೇಳಾಕೆ ಬರಬ್ಯಾಡ್ರಿ.

ಕಾಲೇಜಿನೋರು ಹೊಸ ಬಸ್ಸು ತಗಂಡು ಹಳೇದನ್ನ ಮಾರಾಕೆ ಇಟ್ಟಾಗ ನಮ್ಮನೆಯವರೇ ಅದನ್ನ ತಗೊಂಡ್ರು. ಅವರದು ಪ್ಯಾಟೆನಾಗೆ ಪೇಂಟ್ ಅಂಗಡಿ. ಗಿರಾಕಿ ಇಲ್ಲದಾಗೆಲ್ಲ ಮೊಬೈಲ್‌ನಾಗೆ ವಿಡಿಯೋ ನೋಡೋ ಚಟ. ಬಸ್ಸಿನಾಗೇ ಮನೆ ಮಾಡ್ಕೊಂಡು ದೇಶ ಸುತ್ತೋ ಮಂದಿನ ನೋಡಿ ನೋಡಿ ಹುಚ್ಚು ಹಿಡಿದಿತ್ತು. ನಂಗೂ ಹಿಡೀತು, ಸುಳ್ಳು ಯಾಕೆ ಹೇಳ್ಲಿ. ಕನ್ಯಾಕುಮಾರಿಗೆ ಹೋಗಬೇಕು, ದಾರಿಯುದ್ದಕ್ಕೂ ಬೇಕಾದಷ್ಟು ನೀರು ಕುಡೀಬೇಕು ಅಂತ ನಾನು ಲೆಕ್ಕ ಹಾಕ್ಕೊಂಡಿದ್ದೆ. ಸಮುದ್ರಕ್ಕಿಂತ ಆ ನೀರು ಕುಡಿಯೋದೇ ನಂಗೆ ದೊಡ್ಡ ಆಸೆಯಾಗಿತ್ತು.

ಇಲ್ಲಿ ನಮ್ಮ ಮನೆ ಪದ್ಧತಿ ಒಂದು ಹೇಳಬೇಕು. ನಮ್ಮ ಅತ್ತೆ ಕಸ್ತೂರಮ್ಮ ಕೆಟ್ಟೋರಲ್ಲ. ಆದ್ರೆ ನಾವಿಬ್ರೂ ಮಾತಾಡೋದು ಹಾಲು, ಸೊಪ್ಪು, ಇವತ್ತೇನು ಸಾರು, ಇಷ್ಟೇ. ಅದರಾಚೆಗಿನ ಮಾತು ಏನೇ ಇದ್ರೂ ಅವರ ಮಗನ ಬಾಯಿಂದನೇ ಬರಬೇಕು. "ಅವ್ವ ಹಿಂಗಂದ್ಲು" ಅಂತ ನಂಗೆ, "ಸಂಧ್ಯಾ ಹಿಂಗಂದ್ಲು" ಅಂತ ಅವರಿಗೆ. ಅತ್ತೆಯವರ ಅತ್ತೆ ಕಾಲದಿಂದಲೂ ಹಿಂಗೇ ಅಂತೆ. ನೇರ ಕೇಳಿದ್ರೆ ಸೊಸೆ ಎದುರು ಮಾತಾಡಿದಂಗೆ, ನೇರ ಹೇಳಿದ್ರೆ ಅತ್ತೆ ದರ್ಬಾರು ಮಾಡಿದಂಗೆ. ಅತ್ತೆ ಯಾರ ಮದುವೆಗೂ ಹೋಗ್ತಿರಲಿಲ್ಲ, ಜಗಳೂರಿನಾಗಿರೋ ಮಗಳು ಮಮತಾ ಮನೆಗೂ ಹೋಗ್ತಿರಲಿಲ್ಲ. ಮಡಿ ಜಾಸ್ತಿ, ಅದಕ್ಕೇ ಹೊರಗೆ ಬರಲ್ಲ ಅಂತ ನಾನು ಅಂದ್ಕೊಂಡಿದ್ದೆ. ಯಾಕೆ ಅಂತ ಬಾಯಿಬಿಟ್ಟು ಒಂದಿನನೂ ಕೇಳಿದೋಳಲ್ಲ.

ಬಸ್ಸು ಹೊನ್ನಾಳಿ ರೋಡಿನಾಗಿರೋ ಕೆಂಚೇಶನ ಶೆಡ್ಡಿಗೆ ಹೋಯ್ತು. ಅವನು ಲಾರಿ, ಬಸ್ಸಿಗೆ ಬಾಡಿ ಕಟ್ಟೋನು. ಸೀಟೆಲ್ಲಾ ಕಿತ್ತ. ನಾನು ಕೂರ್ತಿದ್ದ ಕಿಟಕಿ ಪಕ್ಕದ ಸೀಟು ಮಾತ್ರ ಕೀಳೋದು ಬ್ಯಾಡ, ಇರ್ಲಿ ಅಂದೆ. ಎರಡು ಮಂಚ, ಮಡಚೋ ಟೇಬಲ್ಲು, ಗ್ಯಾಸ್ ಒಲೆಗೆ ಒಂದು ಕಟ್ಟೆ ಆಯ್ತು. ಪರದೆ, ಹಾಸಿಗೆ ಕವರು ಎಲ್ಲಾ ನಾನೇ ಮನೆನಾಗೆ ಮಿಷನ್ ಮ್ಯಾಲೆ ಹೊಲಿದೆ. ಹಿಂದಿನ ಮೂಲೆನಾಗೆ ತಗಡಿನ ಗೋಡೆ ಎಬ್ಬಿಸಿ, ಪುಟ್ಟದೊಂದು ಕಮೋಡು ಕೂರಿಸಿ, ಕೆಳಗೆ ಟ್ಯಾಂಕು ಕಟ್ಟಿ, ಬಾಗಿಲು ಹಾಕಿದ. ಬಾಗಿಲು ಹಾಕಿದ ದಿನ ನಾನು ಕೆಲಸದಿಂದ ಸೀದಾ ಅಲ್ಲಿಗೆ ಹೋಗಿ, ಒಳಗೆ ಹೋಗಿ, ಚಿಲಕ ಹಾಕ್ಕೊಂಡು ಸುಮ್ನೆ ಕೂತೆ. ಹೊರಗೆ ಸುತ್ತಿಗೆ ಸದ್ದು. ಕಣ್ಣಾಗೆ ನೀರು ಬಂತು ಅಂದ್ರೆ ನೀವು ನಗಬಹುದು.

"ಯಾಕ್ ಮೇಡಂ, ಚಿಲಕ ಸರಿ ಇಲ್ಲೇನ್ರಿ?" ಅಂತ ಕೆಂಚೇಶ ಹೊರಗಿಂದ ಕೇಳಿದ.

"ಚಲೋ ಐತೆ ಕೆಂಚೇಶಣ್ಣ" ಅಂದೆ.

ಅವತ್ತು ರಾತ್ರಿ ಊಟದಾಗೆ ನಮ್ಮನೆಯವರು, "ಟ್ಯಾಂಕ್ ತುಂಬಿದ್ರೆ ಖಾಲಿ ಮಾಡೋರು ಯಾರು?" ಅಂತ ಕೇಳಿದ್ರು.

"ನಾನೇ ಮಾಡ್ತೀನಿ ಬಿಡ್ರಿ."

"ನೀನು ಮಾಡೋದನ್ನ ನಾಕು ಜನ ನೋಡಿದ್ರೆ?"

"ನೋಡ್ಲಿ. ನಮ್ಮದೇ ಅಲ್ವಾ, ಪಕ್ಕದ ಮನೆಯೋರದ್ದೇನಲ್ಲ."

ಅವರು ಮೂಗು ಮುರಿದು ಕೈ ತೊಳೆಯಾಕೆ ಎದ್ರು. ಒಪ್ಪಿದ್ರು ಅಂತ ನಾನು ತಿಳ್ಕೊಂಡೆ.

ಆಮೇಲೆ ಕಾಲೇಜಿನಾಗೆ ಪರೀಕ್ಷೆ ಗಲಾಟೆ, ಶೆಡ್ಡಿನ ಕಡೆ ಹೋಗಾಕೆ ಆಗಲಿಲ್ಲ. ಬಸ್ಸಿನ ಕೆಲಸ ಮುಗಿದ ಮ್ಯಾಲೆ ಒಂದು ಶುಕ್ರವಾರ ಪೂಜೆ ಇಟ್ಕೊಂಡ್ರು. ಮಾವಿನ ಸೊಪ್ಪು, ಚೆಂಡುಹೂವಿನ ಹಾರ, ಗಾಲಿ ಕೆಳಗೆ ನಿಂಬೆಹಣ್ಣು, ಎಲ್ಲಾ ಸಿದ್ಧ. ಆರತಿ ತಟ್ಟೆ ಹಿಡ್ಕೊಂಡು ಒಳಗೂ ಒಂದು ಸುತ್ತು ಬೆಳಗೋಣ ಅಂತ ಹತ್ತಿದೆ. ಹಿಂದಿನ ಮೂಲೆಗೆ ಹೋದ್ರೆ ಎದುರಿಗೆ ನನ್ನ ಮುಖನೇ ಕಾಣ್ತು. ಕನ್ನಡಿ. ಕನ್ನಡಿ ಹಚ್ಚಿದ ಬೀರು. ಬಾಗಿಲು ಇಲ್ಲ, ಚಿಲಕ ಇಲ್ಲ, ಕಮೋಡು ಇಲ್ಲ. ಕೆಂಚೇಶ ಕೆಳಗೆ ನಿಂತೋನು ನನ್ನ ನೋಡಿ ತಲೆ ತಗ್ಗಿಸಿ ಆಚೆ ಹೋದ.

"ರೀ, ಏನ್ರಿ ಇದು?" ಅಂದೆ.

ನಮ್ಮನೆಯವರು ಹತ್ರ ಬಂದು ಮೆಲ್ಲಗೆ ಅಂದ್ರು: "ಅವ್ವ ಬ್ಯಾಡ ಅಂದ್ಲು ಕಣೆ. ಲಿಂಗಪೂಜೆ ಮಾಡ್ಕೊಳ್ಳೋ ಜಾಗದ ಪಕ್ಕದಾಗೇ ಸಂಡಾಸು ಇದ್ರೆ ನಾನು ಬಸ್ಸೇ ಹತ್ತಲ್ಲ ಅಂತ ಹಟ ಹಿಡಿದ್ಲು. ವಯಸ್ಸಾದೋಳು, ನಾನು ಏನು ಹೇಳ್ಲಿ? ಅದಕ್ಕೇ ನಿನ್ನ ಸೀರೆ ಇಡಾಕೆ ಬೀರು ಮಾಡ್ಸಿದೆ. ಈಗ ಮಂದಿ ಮುಂದೆ ರಾದ್ಧಾಂತ ಮಾಡಬ್ಯಾಡ."

ಮಾಡಲಿಲ್ಲ. ಆರತಿ ಬೆಳಗಿದೆ. ಕೆಳಗೆ ಕುರ್ಚಿ ಮ್ಯಾಲೆ ಕೂತಿದ್ದ ಅತ್ತೆ ಕಡೆ ನೋಡಿದೆ. ಅವರೂ ನನ್ನ ಕಡೆ ಒಂಥರಾ ನೋಡಿ ಮುಖ ತಿರುಗಿಸಿದ್ರು. ಮಾಡೋದೆಲ್ಲಾ ಮಾಡಿ ಮುಖ ಬೇರೆ ತಿರುಗಿಸ್ತಾರಲ್ಲ ಅಂದ್ಕೊಂಡೆ. ಬಸ್ಸು ನಿಂಬೆಹಣ್ಣಿನ ಮ್ಯಾಲೆ ಹೋಯ್ತು, ಮಂದಿ ಚಪ್ಪಾಳೆ ತಟ್ಟಿದ್ರು. ಅವತ್ತಿಂದ ಅತ್ತೆ ಜೊತೆ ಸಾರಿನ ಮಾತೂ ಬಿಟ್ಟೆ.

ಮೊದಲ್ನೇ ಪ್ರಯಾಣ ಜಗಳೂರಿಗೆ, ಮಮತಾ ಮನೆಗೆ ಅಂತ ಆಯ್ತು. ನಾನು ಬರಲ್ಲ ಅಂದೆ. "ಅವ್ವನೇ ಬರ್ತಾಳೆ, ನೀನು ಬರದಿದ್ರೆ ಚೆನ್ನಾಗಿರ್ತದಾ" ಅಂತ ನಮ್ಮನೆಯವರು ಹೊರಡಿಸಿದ್ರು. ಮುಂದೆ ಬಸ್ಸು ಓಡಿಸ್ತಾ ಅವರು, ಪಕ್ಕದಾಗೆ ಗೊಬ್ಬರದಂಗಡಿ ತಿಪ್ಪೇರುದ್ರಸ್ವಾಮಿ, ಅವರ ಜೀವದ ಗೆಳೆಯ. ಹಿಂದೆ ನಾನು ನನ್ನ ಹಳೇ ಸೀಟಿನಾಗೆ, ಅತ್ತೆ ಎದುರಿಗೆ ಮಂಚದ ಮ್ಯಾಲೆ. ಬಾಟ್ಲಿ ತುಂಬಿತ್ತು, ತೊಡೆ ಮ್ಯಾಲೆ ಇಟ್ಕೊಂಡಿದ್ದೆ. ಅದೇ ಬಸ್ಸು, ಅದೇ ಸೀಟು, ಅದೇ ಬಾಟ್ಲಿ.

ಕೆರೆಬಿಳಚಿನಾಗೆ ಟೀ ಕುಡಿಯಾಕೆ ನಿಲ್ಸಿದ್ರು. ಅತ್ತೆ ಟೀ ಬ್ಯಾಡ ಅಂದ್ರು. ನಾನೂ ಬ್ಯಾಡ ಅಂದೆ. ದಾವಣಗೆರೆ ದಾಟಿ ಜಗಳೂರು ದಾರಿ ಹಿಡಿದ ಮ್ಯಾಲೆ ಬಿಸಿಲು ಏರ್ತು. ಆ ಕಡೆ ನೆಲ ನಿಮಗೆ ಗೊತ್ತಲ್ಲ, ಮೆಕ್ಕೆಜೋಳ ಕಿತ್ತ ಹೊಲ, ಎಷ್ಟು ದೂರ ನೋಡಿದ್ರೂ ಬಯಲು, ಒಂದು ಮೋಟು ಮರದ ಮರೆ ಇಲ್ಲ. ಅಂಥಾ ಜಾಗದಾಗೆ ನಮ್ಮನೆಯವರು ಬಸ್ಸು ನಿಲ್ಲಿಸಿ, ಗೆಳೆಯನ ಜೊತೆ ಇಳಿದು, ರೋಡಿನ ಪಕ್ಕ ನಿಂತ್ರು. ನಾನು ಇನ್ನೊಂದು ಕಡೆ ಕಿಟಕಿಗೆ ಮುಖ ತಿರುಗಿಸಿದೆ. ಅತ್ತೆನೂ ಅದೇ ಕಡೆಗೆ ತಿರುಗಿದ್ರು.

ಅತ್ತೆ ತುಟಿ ಒಣಗಿತ್ತು. ಅವರಿಗೆ ಸಕ್ಕರೆ ಕಾಯಿಲೆ, ಮಧ್ಯಾಹ್ನದ ಮಾತ್ರೆ ಕೈಯಾಗೇ ಇತ್ತು, ನುಂಗಿರಲಿಲ್ಲ. ಸಿಟ್ಟಿದ್ರೂ ನೋಡಾಕೆ ಆಗಲಿಲ್ಲ.

"ನೀರು ಕುಡೀರಿ ಅತ್ತೆ" ಅಂತ ಬಾಟ್ಲಿ ಚಾಚಿದೆ.

"ಬ್ಯಾಡ."

"ಮಾತ್ರೆ ನುಂಗಾಕಾದ್ರೂ ಎರಡು ಗುಟುಕು."

"ಬ್ಯಾಡ ಅಂದ್ನಲ್ಲ ಸಂಧ್ಯಾ. ಕುಡಿದು ಎಲ್ಲಿಗೆ ಹೋಗ್ಲಿ? ಒಂದು ಇತ್ತು, ಅದನ್ನೂ ನೀನು ತೆಗೆಸಿದಿ."

ನಂಗೆ ಮೊದ್ಲು ಅರ್ಥ ಆಗಲಿಲ್ಲ. "ನಾನು ತೆಗೆಸಿದ್ನಾ?"

"ಸೀರೆಗೆ ಬೀರು ಬೇಕು, ಮುದುಕಿ ಮಾಡಿದ್ದನ್ನ ತೊಳೆಯೋದು ನನ್ನ ಕೈಲಿ ಆಗಲ್ಲ ಅಂದಿ ಅಂತಲ್ಲ. ಪ್ರಸನ್ನನೇ ಬಂದು ಹೇಳಿದ. ನಿನ್ನ ಮ್ಯಾಲೆ ನಂಗೆ ಸಿಟ್ಟಿಲ್ಲವ್ವ, ನಿಜ ತಾನೇ, ಯಾರಿಗೆ ಬೇಕು ಆ ಕೆಲಸ. ಆದ್ರೆ ನಂಗೆ ಗಳಿಗೆ ಗಳಿಗೆಗೂ ಹೋಗಬೇಕು. ಅದಕ್ಕೇ ಎಲ್ಲಿಗೂ ಹೋಗಲ್ಲ. ಮಮತಾ ಮಗೂಗೆ ಹೆಸರಿಟ್ಟಾಗಲೂ ಹೋಗಲಿಲ್ಲ. ಈ ಬಸ್ಸಿನಾಗೆ ಅದು ಐತೆ ಅಂದಾಗ ಒಪ್ಕೊಂಡೆ. ಅದನ್ನ ತೆಗೆದ್ರು ಅಂತ ಗೊತ್ತಾದ ಮ್ಯಾಲೂ ಮಗಳನ್ನ ನೋಡೋ ಆಸೆ ಬಿಡಾಕೆ ಮನಸ್ಸಾಗಲಿಲ್ಲ."

ನಾನು ಅವರ ಪಕ್ಕಕ್ಕೆ ಹೋಗಿ ಕೂತೆ. "ಅತ್ತೆ, ಬ್ಯಾಡ ಅಂದೋರು ನೀವು ಅಂತ ನಂಗೆ ಹೇಳಿದ್ರು. ಲಿಂಗಪೂಜೆ ಜಾಗದ ಪಕ್ಕ ಸಂಡಾಸು ಇರಬಾರ್ದು ಅಂದ್ರಿ ಅಂತ."

ಅತ್ತೆ ನನ್ನನ್ನ ನೋಡಿದ್ರು. ಆಮೇಲೆ ಸೆರಗಿನೊಳಗೆ ಕೈ ಹಾಕಿ ಕೊರಳಾಗಿನ ಲಿಂಗ ಮುಟ್ಟಿಕೊಂಡ್ರು. "ಇದು ನನ್ನ ಮೈಮ್ಯಾಲೇ ಐತೆ. ನಾನು ಹೋದಲ್ಲಿಗೆಲ್ಲಾ ಇದೂ ಬರ್ತೈತೆ. ನಾನ್ಯಾಕೆ ಹಂಗನ್ಲಿ?"

ನನ್ನ ಕೊರಳಾಗೂ ಅದು ಐತೆ. ನಮ್ಮನೆಯವರು ಹಂಗೆ ಹೇಳಿದಾಗಲೇ ನಂಗೆ ಹೊಳೀಬೇಕಿತ್ತು. ಅತ್ತೆ ಅಂದ್ರೆ ಹಿಂಗೇ ಅನ್ನೋ ಸಿಟ್ಟಿನಾಗೆ ತಲೆ ಓಡಲಿಲ್ಲ.

ಗಂಡಸರಿಬ್ರೂ ನಗ್ತಾ ಹತ್ತಿದ್ರು. ನಾನು ಎದ್ದು ಡ್ರೈವರ್ ಸೀಟಿನ ಹಿಂದೆ ನಿಂತೆ.

"ರೀ, ಸಂಡಾಸು ಯಾಕೆ ತೆಗೆಸಿದ್ರಿ?"

"ಹೇಳಿದ್ನಲ್ಲ ಸಂಧ್ಯಾ."

"ಯಾರಿಗೆ ಏನು ಹೇಳಿದ್ರಿ? ಇಬ್ರೂ ಇಲ್ಲೇ ಇದೀವಿ. ಈಗ ಹೇಳ್ರಿ."

ಅವರು ತಲೆ ಮ್ಯಾಲಿನ ಕನ್ನಡಿನಾಗೆ ತಾಯಿ ಮುಖ ನೋಡಿದ್ರು, ಕಣ್ಣು ಕೆಳಗೆ ಹಾಕಿದ್ರು. ಉತ್ತರ ಹೇಳಿದ್ದು ತಿಪ್ಪೇರುದ್ರಸ್ವಾಮಿ. "ಅಯ್ಯೋ ಅಕ್ಕಾರೆ, ಅದಕ್ಯಾಕೆ ಇಷ್ಟು. ನಾನೇ ಅಂದಿದ್ದು. ಪ್ಯಾಟೆನಾಗೆ ಎಲ್ಲಾ ಆಡ್ಕೊಂಡು ನಗ್ತಿದ್ರು, ಪ್ರಸನ್ನ ಸಂಡಾಸು ಹೊತ್ಕೊಂಡು ಊರೂರು ತಿರುಗ್ತಾನೆ, ಹಿಂದೆ ಹೆಂಡ್ತಿ ಬಕೀಟು ಹಿಡ್ಕೊಂಡು ಹೋಗ್ತಾಳೆ ಅಂತ. ಮರ್ಯಾದೆ ಪ್ರಶ್ನೆ ನೋಡ್ರಿ."

ಮಂದಿ ನಗ್ತಾರೆ ಅಂತ ನಾಚಿಕೆ ಆಯ್ತು, ಅದಕ್ಕೇ ತೆಗೆಸಿದೆ ಅಂತ ನಮ್ಮನೆಯವರು ನಂಗೇ ಹೇಳಿದ್ರೆ ಜಗಳ ಆಡ್ತಿದ್ದೆ, ಎರಡು ದಿನ ಒಲೆ ಹಚ್ಚದೆ ಮಲಗ್ತಿದ್ದೆ, ಆಮೇಲೆ ಮರೆತೂ ಬಿಡ್ತಿದ್ನೇನೋ. ಅವರು ಹಂಗೆ ಮಾಡಲಿಲ್ಲ. ಒಂದು ಕೋಣೆಗೆ ಹೋಗಿ ತಾಯಿ ಮ್ಯಾಲೆ ಹಾಕಿದ್ರು, ಇನ್ನೊಂದು ಕೋಣೆಗೆ ಹೋಗಿ ಹೆಂಡ್ತಿ ಮ್ಯಾಲೆ ಹಾಕಿದ್ರು. ಇವರಿಬ್ರೂ ಒಬ್ರನ್ನೊಬ್ರು ಕೇಳಲ್ಲ ಅನ್ನೋ ಧೈರ್ಯ ಅವರಿಗೆ. ನಂಗೆ ಕಲ್ಲಾದಾಗ ಪಕ್ಕದಾಗೆ ಕೂತಿದ್ದ ಮನುಷ್ಯ. ನನ್ನ ನೋವೂ, ಅತ್ತೆ ನೋವೂ ಚೆನ್ನಾಗಿ ಗೊತ್ತಿದ್ದೇ ನಮ್ಮಿಬ್ರಿಗೂ ಮೋಸ ಮಾಡಿದ್ರು. ಅಷ್ಟು ವರ್ಷ ನಂಬಿದ್ದಕ್ಕೆ ನಂಗೆ ನನ್ನ ಮ್ಯಾಲೇ ಅಸಹ್ಯ ಆಯ್ತು.

"ಜಗಳೂರು ಬಸ್ ಸ್ಟ್ಯಾಂಡ್ ಹತ್ರ ನಿಲ್ಸ್ರಿ" ಅಂದೆ. ನಿಲ್ಸಿದ್ರು.

ಅತ್ತೆ ಕೈ ಹಿಡಿದು ಇಳಿಸಿದೆ. ಅಲ್ಲಿ ಹೆಂಗಸರ ಶೌಚಾಲಯ ಏನು ಅರಮನೆ ಆಗಿರಲಿಲ್ಲ, ಆದ್ರೆ ಬಾಗಿಲಿತ್ತು, ಚಿಲಕ ಇತ್ತು. ಅತ್ತೆ ಒಳಗೆ ಹೋದಾಗ ನಾನು ಹೊರಗೆ ಕಾದೆ, ನಾನು ಹೋದಾಗ ಅವರು ಕಾದ್ರು. ಆಮೇಲೆ ಅಲ್ಲೇ ಪಕ್ಕದ ಕಲ್ಲು ಬೆಂಚಿನ ಮ್ಯಾಲೆ ಕೂತ್ವಿ. ಅತ್ತೆ ಮಾತ್ರೆ ನುಂಗಿ ಅರ್ಧ ಬಾಟ್ಲಿ ಕುಡಿದು ನಂಗೆ ಕೊಟ್ರು. ಉಳಿದಿದ್ದನ್ನ ನಾನು ಕುಡಿದೆ.

ಆ ಕಡೆಯಿಂದ ನಮ್ಮನೆಯವರು ಹಾರನ್ ಹೊಡೀತಾನೇ ಇದ್ರು. ಕೊನೆಗೆ ಇಳಿದು ಬಂದ್ರು. ಹಾರದ ಹೂವು ಬಾಡಿ ಬಸ್ಸಿನ ಮುಂದೆ ನೇತಾಡ್ತಿತ್ತು.

"ಅವ್ವ, ಮಮತಾ ಊಟಕ್ಕೆ ಕಾಯ್ತಾ ಅದಾಳೆ. ಸಂಧ್ಯಾಗೆ ಹೇಳು, ಹತ್ತು ಅಂತ."

"ಅವಳು ನನ್ನ ಪಕ್ಕದಾಗೇ ಕೂತಾಳೆ" ಅಂದ್ರು ಅತ್ತೆ.

ಅವರು ನನ್ನ ಕಡೆ ತಿರುಗಿದ್ರು. "ಸಂಧ್ಯಾ, ಅವ್ವನಿಗಾದ್ರೂ ಹೇಳೇ. ಮಂದಿ ನೋಡ್ತಿದಾರೆ."

"ನಂಗೆ ಕಿವಿ ಕೇಳಿಸ್ತೈತೆ ಪ್ರಸನ್ನ" ಅಂದ್ರು ಅತ್ತೆ. "ನೀನು ಹೋಗು. ನಾವು ಆಟೋನಾಗೆ ಬರ್ತೀವಿ."

ಅವರು ಹೋಗಿ ಬಸ್ಸು ಹತ್ತಿದ್ರು. ಬಸ್ಸು ಸ್ಟ್ಯಾಂಡಿನಿಂದ ಆಚೆ ತಿರುಗೋವಾಗ ಹಿಂದಿನ ಮೂಲೆಯ ಕಿಟಕಿಯಾಗೆ ನಾನು ಹೊಲಿದ ಪರದೆ ಕಾಣ್ತು. ನಾನು ನೋಡ್ತಾ ಕೂತೆ. ಅತ್ತೆ ಖಾಲಿ ಬಾಟ್ಲಿನ ನನ್ನ ಕೈಯಿಂದ ತಗಂಡು, "ಇನ್ನೊಂದು ತುಂಬ್ಕೊಂಡು ಬಾ, ಇನ್ನೂ ಕುಡೀಬೇಕು ನಂಗೆ" ಅಂತ ವಾಪಸ್ ಕೊಟ್ರು. ನಲ್ಲಿ ಹತ್ರ ಹೋಗಿ ತುಂಬ್ಕೊಂಡು ಬಂದೆ.