ಹನ್ನೊಂದು ನಿಮಿಷದ ಸುದ್ದಿ

ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ ನೋಡಿ. ಆ ಸೋಮವಾರ ಸಂಪಾದಕಿಗೆ ಮಾಡಲು ಬೇರೆ ಕೆಲಸವಿರಲಿಲ್ಲವೇ? ಬೇಕಾದಷ್ಟಿತ್ತು. ಒಂದೇ ಕೋಣೆ, ಎರಡು ಕಂಪ್ಯೂಟರು, ಅವಳೊಬ್ಬಳೇ ನಡೆಸುವ ಊರ ಸುದ್ದಿಯ ವೆಬ್‌ಸೈಟು. ನಲ್ಲಿ ನೀರು ಯಾವಾಗ ಬರುತ್ತದೆ, ಯಾವ ರಸ್ತೆ ಅಗೆದು ಹಾಕಿದ್ದಾರೆ, ಇಂಥವೇ ಅದರ ಬಂಡವಾಳ. ಆದರೂ ಅವಳಿಗೊಂದು ಹೆಮ್ಮೆ. ಅವಳು ಹಾಕಿದ್ದನ್ನು ಸುತ್ತಲಿನ ಆರು ವೆಬ್‌ಸೈಟುಗಳು ತಾವಾಗಿಯೇ ಎತ್ತಿಕೊಳ್ಳುತ್ತಿದ್ದವು. ಅವರದ್ದನ್ನು ಇವಳದೂ ಎತ್ತಿಕೊಳ್ಳುತ್ತಿತ್ತು. ಮನುಷ್ಯರ ಕೈ ತಾಗುವ ಮಾತೇ ಇಲ್ಲ. ಒಂದು ಚಿತ್ರ, ಮೊದಲ ಹತ್ತು ಪದ, ಪೂರ್ತಿ ಓದಲು ಒಂದು ಲಿಂಕು. ಇಷ್ಟನ್ನು ಕಂಪ್ಯೂಟರುಗಳೇ ತಮ್ಮತಮ್ಮೊಳಗೆ ಹಂಚಿಕೊಳ್ಳುತ್ತಿದ್ದವು. ಲಿಂಕು ಒತ್ತಿ ಪೂರ್ತಿ ಓದುವ ಪುಣ್ಯಾತ್ಮರು ನೂರಕ್ಕೆ ಇಬ್ಬರೂ ಇರಲಿಲ್ಲ ಎಂಬುದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಅಂದು ‘ಎಚ್ಚರಿಕೆ’ ಎಂಬ ಹೊಸ ಅಂಕಣ ತೆರೆಯುತ್ತಿದ್ದಳು. ಪುಟ ಹೇಗೆ ಕಾಣುತ್ತದೆಂದು ನೋಡಲು ಒಂದು ಸುಳ್ಳು ಸುದ್ದಿ ಬೇಕಿತ್ತು. ಬೇರೆ ದಿನವಾಗಿದ್ದರೆ ಅಆಇಈ ಎಂದು ಕುಟ್ಟಿ ಸುಮ್ಮನಾಗುತ್ತಿದ್ದಳು. ಅಂದು ಕೈ ಸುಮ್ಮನಿರಲಿಲ್ಲ. ಲಿಫ್ಟ್ ರಿಪೇರಿ ಮಾಡುವ ತಮ್ಮ ಯಾವುದೋ ಶಾಲೆಯ ಗೇಟಿನ ಮುಂದೆ ಹಲ್ಲು ಕಿರಿದು ನಿಂತ ಫೋಟೋ ಸಿಕ್ಕಿತು. ಅದನ್ನು ಹಾಕಿ, ‘ಮಕ್ಕಳ ಕಳ್ಳ: ಈ ಮುಖ ಕಂಡರೆ ಹಿಡಿಯಿರಿ’ ಎಂದು ಬರೆದಳು. ಸಂಜೆ ಅವನಿಗೆ ತೋರಿಸಿ ಗೋಳು ಹೊಯ್ದುಕೊಳ್ಳಬೇಕೆಂಬ ಆಸೆ. ಹಳೆಯ ಅಂಕಣಗಳಲ್ಲಿ ಉಳಿಸಿಟ್ಟದ್ದು ಅವಳ ಬಳಿಯೇ ಇರುತ್ತಿತ್ತು. ಹೊಸದಕ್ಕೆ ಆ ತಡೆ ಹಾಕುವುದನ್ನೇ ಮರೆತಿದ್ದಳು; ಉಳಿಸಿದ್ದೇ ತಡ, ಸುದ್ದಿ ಹೊರಗೆ ಹೋಗಿತ್ತು. ಹನ್ನೊಂದು ನಿಮಿಷದಲ್ಲಿ ಗೊತ್ತಾಯಿತು, ಅಳಿಸಿದಳು. ಸದ್ಯ, ಯಾರೂ ನೋಡಿರಲಿಕ್ಕಿಲ್ಲ ಎಂದು ಕಾಫಿ ಕುಡಿದಳು.

ಬುಧವಾರ ಬೆಳಿಗ್ಗೆ ಅದೇ ಮುಖ ಅವಳದೇ ಮುಖಪುಟದಲ್ಲಿತ್ತು. ಆರರಲ್ಲೊಂದರಿಂದ ವಾಪಸು ಬಂದಿತ್ತು. ಮತ್ತೆ ಅಳಿಸಿದಳು; ಅರ್ಧ ಗಂಟೆಗೆ ಇನ್ನೊಂದು ಕಡೆಯಿಂದ ಬಂತು. ಒಬ್ಬೊಬ್ಬರಿಗೇ ಫೋನ್ ಹಚ್ಚಿದಳು.

“ನಾವು ಅವ್ರಿಂದ ತಗೊಂಡಿರೋದು ಮೇಡಂ. ಅವ್ರು ತೆಗೆದ್ರೆ ನಮ್ಮದೂ ಹೋಗುತ್ತೆ,” ಎಂದ ಮೊದಲನೆಯವನು. ಎರಡನೆಯವನು ಮೂರನೆಯವನ ಕಡೆ ಬೆರಳು ತೋರಿಸಿದ. ಆರನೆಯವನು ನಕ್ಕೇಬಿಟ್ಟ. “ನಿಮ್ಮಲ್ಲೇ ಇದ್ಯಲ್ಲ ಮೇಡಂ! ನೀವು ಹಾಕ್ಕೊಂಡು ಕೂತು, ನಮಗೆ ತೆಗೀರಿ ಅಂತೀರಲ್ಲ!”

ತಮ್ಮನಿಗೆ ಫೋನ್ ಮಾಡಿ, ಯಾರೋ ನಿನ್ನ ಫೋಟೋ ಹಾಕಿದ್ದಾರೆ, ಎರಡು ದಿನ ಕೆಲಸಕ್ಕೆ ಹೋಗಬೇಡ ಎಂದಳು. ‘ಯಾರೋ’ ಎಂದಳು. ನಾನೇ ಎನ್ನಲು ನಾಲಿಗೆ ಏಳಲಿಲ್ಲ.

“ನನ್ನ ಮುಖಕ್ಕೆ ಮಕ್ಕಳನ್ನ ಕದಿಯೋ ಯೋಗ್ಯತೆ ಎಲ್ಲಿಂದ ಬರ್ಬೇಕು ಅಕ್ಕ? ಮಕ್ಕಳೇ ಓಡಿಹೋಗ್ತವೆ,” ಎಂದು ನಕ್ಕು, ಅವನು ಕೆಲಸಕ್ಕೆ ಹೋದ.

ಆಗ ಅವಳು ಸ್ಪಷ್ಟನೆ ಬರೆದಳು. ಅವಸರದಲ್ಲೂ ಎಚ್ಚರದಿಂದ, ಒಂದೊಂದು ಮಾತನ್ನೂ ತೂಗಿ ಬರೆದಳು: ‘ಮಕ್ಕಳ ಕಳ್ಳ ಎಂದು ಪ್ರಕಟವಾದ ಚಿತ್ರದಲ್ಲಿರುವ ವ್ಯಕ್ತಿ ಈ ಊರಿನಲ್ಲೇ ಲಿಫ್ಟ್ ರಿಪೇರಿ ಮಾಡುವ ನಿರಪರಾಧಿ; ಆ ಸುದ್ದಿ ಸಂಪೂರ್ಣ ಸುಳ್ಳು.’ ಗುರುತು ಸಿಗಲೆಂದು ಫೋಟೋವನ್ನೂ ಹಾಕಿದಳು. ಕಂಪ್ಯೂಟರುಗಳು ಎಂದಿನಂತೆ ಮೊದಲ ಹತ್ತು ಪದ ಎತ್ತಿಕೊಂಡವು. ‘ರಿಪೇರಿ’ ಎಂಬಲ್ಲಿಗೆ ಹತ್ತು ಮುಗಿದಿತ್ತು. ಅವನನ್ನು ಎಲ್ಲಿ ಹುಡುಕಬೇಕೆಂದು ಊರಿಗೆಲ್ಲ ಅವಳೇ ಹೇಳಿಕೊಟ್ಟಂತಾಯಿತು. ಅಯ್ಯೋ ನನ್ನ ಕೈಗೆ ಕರಿನಾಗರ ಕಚ್ಚ, ಎಂದು ಹಣೆ ಬಡಿದುಕೊಂಡಳು.

ನಾಲ್ಕು ಗಂಟೆಗೆ ತಮ್ಮನ ಫೋನ್ ಬಂತು. ಅವನು ಮೆಲ್ಲಗೆ ಮಾತಾಡುತ್ತಿದ್ದ.

“ಅಕ್ಕ, ನಿನ್ನ ಆಫೀಸಿಂದ ಎರಡು ಬೀದಿ ಆಚೆ ಅಪಾರ್ಟ್‌ಮೆಂಟ್ ಇದ್ಯಲ್ಲ, ಅದರ ಲಿಫ್ಟ್ ಒಳಗಿದ್ದೀನಿ. ಎರಡನೇ ಮಹಡಿಗೂ ಮೂರನೇದಕ್ಕೂ ಮಧ್ಯೆ ನಿಂತಿದೆ. ಕೆಟ್ಟಿಲ್ಲ. ಯಾರೋ ಕೆಳಗಡೆ ಬೇಕಂತ್ಲೇ ಕರೆಂಟ್ ತೆಗೆದಿದ್ದಾರೆ. ತುಂಬಾ ಜನ ಇದ್ದಾರೆ ಅನ್ಸುತ್ತೆ.”

ಪೊಲೀಸರಿಗೆ ಹೇಳಿದಳು. ಕಳಿಸ್ತೀವಿ ಎಂದರು. ಎರಡು ಬೀದಿ ದಾಟಿ ಓಡಿದಳು.

ನೆಲಮಹಡಿಯಲ್ಲಿ ಮೂವತ್ತು ಜನ ನಿಂತಿದ್ದರು. ಆಫೀಸಿನ ಬ್ಯಾಗು ಹೆಗಲಲ್ಲೇ ಇದ್ದವರು, ಊರುಗೋಲಿನ ಅಜ್ಜ, ಶಾಲೆಯ ಸಮವಸ್ತ್ರದಲ್ಲೇ ಇದ್ದ ಇಬ್ಬರು ಮಕ್ಕಳು, ಕಂಕುಳಲ್ಲಿ ಕೂಸು ಎತ್ತಿಕೊಂಡ ತಾಯಿ. ಯಾರೂ ಕೂಗುತ್ತಿರಲಿಲ್ಲ. ಬಸ್ಸಿಗೆ ಕಾಯುವವರ ಹಾಗೆ ಲಿಫ್ಟಿನ ಬಾಗಿಲನ್ನೇ ನೋಡುತ್ತಿದ್ದರು. ಕೂಗಾಡಿದ್ದರೇ ಚೆನ್ನಾಗಿತ್ತು. ಮೂಲೆಯಲ್ಲಿ ಕಟ್ಟಡದ ಕಾವಲುಗಾರ ಸ್ವಿಚ್ಚಿನ ಪೆಟ್ಟಿಗೆಗೆ ಒರಗಿದ್ದ.

“ಅವನು ನನ್ನ ತಮ್ಮ. ಆ ಸುದ್ದಿ ಸುಳ್ಳು. ನಾನೇ ಬರೆದಿದ್ದು, ತಮಾಷೆಗೆ!”

ಕೂಸಿನ ತಾಯಿ ಫೋನ್ ಮುಂದೆ ಹಿಡಿದಳು. “ಏಳು ಕಡೆ ಬಂದಿದೆ. ಏಳೂ ಸುಳ್ಳಾ?”

“ಏಳೂ ನಂದೇ ಕಣಮ್ಮ!”

“ಸುಳ್ಳು ಬರೀತೀನಿ ಅಂತ ನೀನೇ ಹೇಳ್ತಿದ್ದೀಯ. ಈಗ ಹೇಳೋದನ್ನ ಹೇಗೆ ನಂಬ್ಲಿ?”

ಅವಳು ಮೆಟ್ಟಿಲು ಹತ್ತಿ ಎರಡನೇ ಮಹಡಿಗೆ ಓಡಿ, ಲಿಫ್ಟಿನ ಬಾಗಿಲ ಸಂದಿಗೆ ಬಾಯಿಟ್ಟಳು.

“ಪುಟ್ಟಾ!”

“ಅಕ್ಕ, ಬಂದ್ಯಾ? ಸೆಕೆ ತಡೆಯೋಕಾಗ್ತಿಲ್ಲ. ಯಾರಂತೆ ಬರೆದಿದ್ದು? ಗೊತ್ತಾಯ್ತಾ?”

“ನಾನೇ ಕಣೋ.”



“ನೀನಾ?” ಎಂದ ಅವನು. ಬೈದಿದ್ದರೆ ಅವಳಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಒಮ್ಮೆ ಕರೆಂಟು ಬಂದರೆ ಸಾಕು, ಗುಂಡಿ ಒತ್ತಿ ಮೇಲಿನ ಮಹಡಿಗೆ ಹೋಗಿ, ಪೊಲೀಸರು ಬರುವವರೆಗೆ ತಾರಸಿಯಲ್ಲಿ ಬಾಗಿಲು ಹಾಕಿಕೊಂಡಿರುತ್ತಾನೆ ಎಂದುಕೊಂಡಳು. ಮೆಟ್ಟಿಲ ಕಂಬಿಯ ಮೇಲಿಂದ ಬಗ್ಗಿ ಕಾವಲುಗಾರನಿಗೆ ಕೂಗಿದಳು: “ಕರೆಂಟ್ ಹಾಕಪ್ಪಾ! ಅವನಿಗೆ ಉಸಿರು ಕಟ್ತಿದೆ!”

ಅಚ್ಚರಿಯೆಂದರೆ, ಯಾರೂ ತಡೆಯಲಿಲ್ಲ. “ಹಾಕು, ಹಾಕು,” ಎಂದರು ಎಲ್ಲರೂ.

“ಬೇಡ ಅಕ್ಕಾ!” ಬಾಗಿಲ ಹಿಂದಿನಿಂದ ತಮ್ಮ ಕಿರುಚಿದ. “ಕರೆಂಟ್ ಬಂದ್ರೆ ಇದು ಮೊದ್ಲು ತಾನಾಗೇ ನೆಲಮಹಡಿಗೆ ಇಳಿಯುತ್ತೆ! ಗುಂಡಿ ಒತ್ತಿದ್ರೂ ಕೇಳಲ್ಲ!”

ಕೆಳಗೆ ಸ್ವಿಚ್ಚು ಸದ್ದು ಮಾಡಿತು. ಗೋಡೆಯೊಳಗೆ ಮೋಟಾರು ಗುಂಯ್ ಎಂದಿತು. ಅವಳು ಎರಡೂ ಅಂಗೈಯಲ್ಲಿ ಬಾಗಿಲು ಬಡಿದಳು. “ಅಕ್ಕಾ” ಎಂಬ ಕೂಗು ಅವಳ ತಲೆಯ ಮೇಲಿತ್ತು, ಆಮೇಲೆ ಕಿವಿಯ ಬಳಿ, ಆಮೇಲೆ ಕಾಲ ಬುಡದಲ್ಲಿ.

ಕೆಳಗೆ ಯಾರೋ, “ಮಕ್ಕಳನ್ನ ಒಳಗೆ ಕರ್ಕೊಂಡು ಹೋಗಿ,” ಎಂದರು.